ಹುಸೇನ್ ಸಾಬರ ಬಲಗಿವಿ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹುಸೇನ್ ಸಾಬರ ಬಲಗಿವಿಗೆ ಒಂದು ಸ್ಥಾನವಿತ್ತು. ಅವರು ರಾಶಿಯಿಂದ ಒಂದು ಗೂಡು ಎತ್ತಿ, ಎರಡು ಬೆರಳಲ್ಲಿ ಹಿಡಿದು ಕಿವಿಯ ಪಕ್ಕ ಅಲ್ಲಾಡಿಸುತ್ತಿದ್ದರು. ಒಳಗಿನ ಹುಳ ಗಟ್ಟಿಯಾಗಿದ್ದರೆ ಗೂಡು ಟಕಟಕ ಎನ್ನುತ್ತದೆ. ಸತ್ತು ಕರಗಿದ್ದರೆ ಅಂಟಿಕೊಂಡು ಸುಮ್ಮನಿರುತ್ತದೆ. ನೂಲು ತೆಗೆಯುವ ರೀಲರುಗಳೆಲ್ಲ ಹೀಗೇ ನೋಡುವುದು. ಆದರೆ ಸಾಬರು ನೋಡುವಾಗ ಮಿಕ್ಕವರು ತಮ್ಮ ಕೈಯ ಗೂಡು ಮರೆತು ಅವರ ಮುಖ ನೋಡುತ್ತಿದ್ದರು. ಸಾಬರ ಹುಬ್ಬು ಮೇಲೆ ಹೋದರೆ ಹರಾಜೂ ಮೇಲೆ ಹೋಗುತ್ತಿತ್ತು.

ಎಡಗಿವಿ ಹೋಗಿ ಆರು ವರ್ಷವಾಗಿತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿ ನೂಲು ಹುರಿ ಮಾಡುವ ಮಿಷನ್ನುಗಳು ಇಪ್ಪತ್ತು ವರ್ಷ ಅರಚಿ ಅರಚಿ ಅದನ್ನು ತಿಂದುಹಾಕಿದ್ದವು. ಚಿಕ್ಕಬಳ್ಳಾಪುರದ ಡಾಕ್ಟರು ನರ ಒಣಗಿದೆ ಎಂದು ಹೇಳಿ, ಜೇಬಿಗೊಂದು ಡಬ್ಬಿ, ಡಬ್ಬಿಯಿಂದ ಕಿವಿಗೊಂದು ತಂತಿ ಇರುವ ಯಂತ್ರ ಕೊಡಿಸಿದ್ದರು. ಹಾಕಿಕೊಂಡ ದಿನ ಸಾಬರಿಗೆ ಸ್ಪಷ್ಟವಾಗಿ ಕೇಳಿಸಿದ್ದು ತಮ್ಮದೇ ಅಂಗಿ ಡಬ್ಬಿಗೆ ಉಜ್ಜುವ ಸದ್ದು. ಯಂತ್ರ ಬೀರುವಿನಲ್ಲಿ ಮದುವೆಯ ಶೇರ್ವಾನಿಯ ಕೆಳಗೆ ಮಲಗಿತು. ತಂತಿ ನೇತುಹಾಕಿಕೊಂಡು ಮಾರುಕಟ್ಟೆಗೆ ಹೋಗುವುದುಂಟೆ?

ಒಂದೇ ಕಿವಿಗೆ ಜನರ ಮಾತು ಅರ್ಧಂಬರ್ಧ ಸಿಗುತ್ತಿತ್ತು. ತಂತಿಯ ಬದಲು ಒಂದು ಮಾತು ಇಟ್ಟುಕೊಂಡಿದ್ದರು. ಯಾರು ಏನೇ ಹೇಳಲಿ, ಗಡ್ಡ ನೀವಿಕೊಂಡು "ಕಾಲ ಹಂಗೈತಪ್ಪ" ಎನ್ನುವುದು. ಅದು ಮಳೆಗೂ ಸಾವಿಗೂ ಚುನಾವಣೆಗೂ ಹೊಂದುತ್ತಿತ್ತು. ಜೊತೆಯ ರೀಲರ್ ಲಾಲ್ ಬಾಷಾ ತನ್ನ ಮಗಳಿಗೆ ಅವಳಿ ಮಕ್ಕಳಾದವೆಂದು ಹೇಳಿದಾಗಲೂ ಅದನ್ನೇ ಅಂದರು. ಊರು ಅವರನ್ನು ಬಹಳ ಯೋಚನೆಯ ಮನುಷ್ಯ ಎಂದುಕೊಂಡಿತು.

ಆ ಮಾತಿನ ಅಗತ್ಯ ಬೀಳದಿದ್ದದ್ದು ವೆಂಕಟರಾಮಪ್ಪನ ಹತ್ತಿರ ಮಾತ್ರ. ಮುರುಗಮಲ್ಲದ ಪಕ್ಕದ ಹಳ್ಳಿಯ ರೈತ, ಸಾಬರಿಗಿಂತ ನಾಲ್ಕು ವರ್ಷ ಚಿಕ್ಕವನು. ಗೂಡು ಮಾರಿದ ದಿನ ಸಾಬರ ಜಗಲಿಯಲ್ಲಿ ಟೀ ಕುಡಿಯದೆ ಬಸ್ಸು ಹತ್ತಿದವನಲ್ಲ. ಯಾವಾಗಲೂ ಬಲಗಡೆಯೇ ಕೂರುತ್ತಿದ್ದ. ಗೊತ್ತಿದ್ದೋ ಗೊತ್ತಿಲ್ಲದೆಯೋ ಸಾಬರು ಕೇಳಲಿಲ್ಲ. ದಿನವೆಲ್ಲ ಎಲೆಯಡಿಕೆ ತುಂಬಿದ ಬಾಯಿಗಳನ್ನು ನೋಡಿ ನೋಡಿ ಮಾತು ಊಹಿಸಿ ದಣಿದವರಿಗೆ ಅದೊಂದೇ ಗಂಟೆ ಬಿಡುವು.

ಎಂಬತ್ತೇಳರ ಆಗಸ್ಟಿನ ಒಂದು ಬೆಳಿಗ್ಗೆ ವೆಂಕಟರಾಮಪ್ಪನ ರಾಶಿಯ ಮುಂದೆ ನಿಂತು ಸಾಬರು ಒಂದು ಗೂಡು ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಂದು. ಅದೂ ಇಲ್ಲ. ಬೆರಳಿಗೆ ಒಳಗಿನಿಂದ ಏನೋ ತಟ್ಟಿದ ಹಾಗಿತ್ತು, ಆದರೆ ಬೆರಳಿನ ಮಾತನ್ನು ಅವರು ಎಂದೂ ನಂಬಿದವರಲ್ಲ. ಕಿವಿ ಸತ್ತಿದೆ ಎನ್ನುವುದಕ್ಕಿಂತ ಹುಳ ಸತ್ತಿದೆ ಎನ್ನುವುದು ಸುಲಭವಿತ್ತು. ಐದಾರು ಗೂಡು ಜೇಬಿಗೆ ಹಾಕಿಕೊಂಡು, ಬೇಡವೆಂದು ತಲೆಯಾಡಿಸಿ, ಮುಂದಿನ ರಾಶಿಗೆ ಹೋದರು. ಅವರ ಹಿಂದೆ ಇಡೀ ಮಾರುಕಟ್ಟೆ ಮುಂದಿನ ರಾಶಿಗೆ ಹೋಯಿತು.

ಅಂದು ವೆಂಕಟರಾಮಪ್ಪ ಟೀಗೆ ಬರಲಿಲ್ಲ.

ಸಾಬರ ಹೆಂಡತಿ ಶಮ್ಸುನ್ನೀಸಾ ಸಂಜೆ ಅಂಗಿ ಒಗೆಯಲು ಜೇಬು ಬರಿದು ಮಾಡಿದರು. ರೀಲರನ ಮನೆಯ ಹೆಂಗಸಿನ ಕೈಗೆ ಗೂಡು ಸಿಕ್ಕರೆ ಅದು ಕಿವಿಯ ಹತ್ತಿರ ಹೋಗಲೇಬೇಕು. ಗಂಡನ ಮುಖದೆದುರು ಬಂದು ಹೇಳಿದರು: "ಏನ್‌ಜೀ, ಒಳ್ಳೆ ಮಾಲು! ಯಾರದು?"

"ಸತ್ತ ಹುಳ ಅದು."

"ಸತ್ತಿರೋದು ಇಷ್ಟ್ ಸದ್ದು ಮಾಡ್ತದಾ?" ಬ್ಲೇಡಿನಿಂದ ಒಂದು ಗೂಡು ಸೀಳಿ ಅಂಗೈಮೇಲೆ ಸುರಿದರು. ಕಂದುಬಣ್ಣದ ಹುಳ, ನಿದ್ದೆ ಕೆಡಿಸಿದ್ದಕ್ಕೆ ಬೇಸರವಾದಂತೆ, ಬಾಲ ತಿರುಗಿಸಿತು.

ಸಾಬರು ಮಿಕ್ಕವನ್ನೂ ಸೀಳಿದರು. ಎಲ್ಲವೂ ಬದುಕಿದ್ದವು.

ಎರಡು ತಿಂಗಳು ಕಾದರು. ಮುಂದಿನ ಬೆಳೆಯನ್ನು ವೆಂಕಟರಾಮಪ್ಪ ಚಿಂತಾಮಣಿಯಲ್ಲಿ ಮಾರಿದನೆಂದು ತಿಳಿಯಿತು. ಜಗಲಿಯ ಬಲಗಡೆ ಬೆಕ್ಕು ಮಲಗತೊಡಗಿತು. ಕೊನೆಗೊಂದು ದಿನ ಸಾಬರು ಮುರುಗಮಲ್ಲದ ದರ್ಗಾಕ್ಕೆ ಹೋಗಿಬರುತ್ತೇನೆಂದು ಹೊರಟರು. ಕಿವಿಗೆ ಹರಕೆ ಹೊರಲು ವರ್ಷದಿಂದ ಪೀಡಿಸುತ್ತಿದ್ದ ಶಮ್ಸುನ್ನೀಸಾ ಖುಷಿಯಾಗಿ ಸಕ್ಕರೆ, ಊದುಬತ್ತಿ ಕಟ್ಟಿಕೊಟ್ಟರು. ಸಾಬರು ಮುರುಗಮಲ್ಲಕ್ಕಿಂತ ಒಂದು ಸ್ಟಾಪು ಮೊದಲೇ ಇಳಿದರು.

ವೆಂಕಟರಾಮಪ್ಪ ಹುಳುಮನೆಯಲ್ಲಿ ಬೆನ್ನು ತಿರುಗಿಸಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ. ಒಮ್ಮೆ ತಿರುಗಿ ನೋಡಿ, ಮತ್ತೆ ಕತ್ತರಿಸುತ್ತಲೇ ಏನೋ ಅನ್ನತೊಡಗಿದ. ಭುಜ ಕುಣಿಯುವ ರೀತಿ ನೋಡಿದರೆ ಬಹಳ ದಿನದಿಂದ ಕೂಡಿಟ್ಟ ಮಾತು. ಬೈಗುಳವೋ, ಕ್ಷಮೆಯೋ? ಸಾಬರ ಬಾಯಿಗೆ ಅಭ್ಯಾಸದ ಆ ಮಾತು ಬಂತು. ನುಂಗಿಕೊಂಡರು.

"ಎಂಕಟ್ರಾಮಪ್ಪ, ಮಕ ತೋರ್ಸಿ ಮಾತಾಡಪ್ಪ. ನಂಗೆ ಕೇಳ್ಸಲ್ಲ."

ಕತ್ತಿ ನಿಂತಿತು.

"ನಿನ್ ಹುಳ ಸತ್ತಿರ್ಲಿಲ್ಲ. ನನ್ ಕಿವಿ ಸತ್ತಿತ್ತು."

ವೆಂಕಟರಾಮಪ್ಪ ಎದ್ದು ಬಂದು, ಅವರ ಮುಖದ ಹತ್ತಿರ ಮುಖ ತಂದು, ಒಂದೊಂದೇ ಮಾತು ಬಿಡಿಸಿ ಹೇಳಿದ: "ಸಾಬ್ರೇ, ಇಲ್ಲಿ ಹೇಳಿದ್ರೆ ನನ್ ಹುಳಕ್ಕೆ ಕೇಳ್ತದೆ. ಅಲ್ಲಿ ಹೇಳ್ತೀರಾ?"

ಅಲ್ಲಿ ಹೇಳಿದರೆ ಆ ಕಿವಿಗೆ ಮಾರುಕಟ್ಟೆಯಲ್ಲಿ ಇನ್ನೇನು ಉಳಿಯುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಸಾಬರು ಸಕ್ಕರೆ ಪೊಟ್ಟಣ ಅಲ್ಲೇ ಇಟ್ಟು ಬಸ್ಸು ಹಿಡಿದರು.

ಡಿಸೆಂಬರಿನಲ್ಲಿ ವೆಂಕಟರಾಮಪ್ಪನ ಗೂಡು ಮತ್ತೆ ಶಿಡ್ಲಘಟ್ಟಕ್ಕೆ ಬಂತು. ಸಾಬರು ರಾಶಿಯಿಂದ ಒಂದು ಗೂಡು ಎತ್ತಿದರು. ಎಂದಿನಂತೆ ಎಲ್ಲರೂ ಅವರ ಹುಬ್ಬು ನೋಡಿದರು. ಕೈ ಕಿವಿಯ ತನಕ ಹೋಗಿ, ಅಲ್ಲಿಂದ ತಿರುಗಿ, ಪಕ್ಕದಲ್ಲಿದ್ದ ಲಾಲ್ ಬಾಷಾನ ಮುಂದೆ ಚಾಚಿತು.

"ನೀನ್ ಕೇಳಿ ಹೇಳು, ಬಾಷಾ. ನಂಗೆ ಎರಡು ಕಿವೀನೂ ಹೋಗವೆ. ಹೋದ್ ಸಲಾನೇ ಹೋಗಿದ್ವು. ಇವನ ಮಾಲು ಅವತ್ತೂ ಚೆನ್ನಾಗೇ ಇತ್ತು."

ಜನ ನಕ್ಕರೋ ಸುಮ್ಮನಾದರೋ ಅವರಿಗೆ ತಿಳಿಯಲಿಲ್ಲ. ಲಾಲ್ ಬಾಷಾ ಅಲ್ಲಾಡಿಸಿ ಕೇಳಿ ತಲೆದೂಗಿದ. ಹರಾಜು ನಡೆಯಿತು. ಮುಂದಿನ ರಾಶಿಗೆ ಹೋಗುವಾಗ ಎಲ್ಲರೂ ಲಾಲ್ ಬಾಷಾನ ಮುಖ ನೋಡುತ್ತಿದ್ದರು. ಅಷ್ಟು ಬೇಗ!

ಮಧ್ಯಾಹ್ನ ವೆಂಕಟರಾಮಪ್ಪ ಬೆಕ್ಕನ್ನು ಎಬ್ಬಿಸಿ ಬಲಗಡೆ ಕೂತ. ಆ ಕಡೆಗೂ ಈಗ ಅರ್ಥವಿಲ್ಲವೆಂದು ಹೊಳೆದು, ಎದುರಿಗೆ ಬಂದು ಕೂತ. ಸೊಸೆಯ ಮೇಲಿನ ಸಿಟ್ಟನ್ನೆಲ್ಲ ಕೂಗಿ ಹೇಳಿದ. ಬೀದಿಯ ಎರಡೂ ಕಡೆಯ ಹೆಂಗಸರು ಬಾಗಿಲಿಗೆ ಬಂದು ಕೇಳಿದರು. ಸಾಬರಿಗೆ ಅರ್ಧ ತಿಳಿಯಿತು. ಇಬ್ಬರಿಗೂ ಬೇಗ ಸುಸ್ತಾಯಿತು.

ಟೀ ಬಂತು. ವೆಂಕಟರಾಮಪ್ಪ ಒಂದು ಗುಟುಕು ಕುಡಿದು ಏನೋ ಅಂದ.

"ಏನಂದೆ?"

ಮತ್ತೆ ಅಂದ.

"ಆಂ?"

ವೆಂಕಟರಾಮಪ್ಪ ಕೈಯಾಡಿಸಿದ. "ಏನಿಲ್ಲ, ಬಿಡಿ ಸಾಬ್ರೇ."

ಈ ಕೈಯಾಡಿಸುವುದು ಸಾಬರಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ, ಮಕ್ಕಳು, ಊರೆಲ್ಲ ಆಡಿಸುತ್ತಿದ್ದರು.

"ಬಿಡಲ್ಲ. ಹೇಳು."

ವೆಂಕಟರಾಮಪ್ಪ ಲೋಟ ಕೆಳಗಿಟ್ಟ. ಮೀಸೆಯನ್ನು ಬೆರಳಿಂದ ಮೇಲಕ್ಕೆತ್ತಿ ಹಿಡಿದು, ತುಟಿ ಕಾಣುವ ಹಾಗೆ ಮುಂದಕ್ಕೆ ಬಾಗಿದ.

"ಟೀಗೆ, ಸಕ್ಕರೆ, ಕಮ್ಮಿ, ಆಗೈತೆ, ಅಂದೆ."

ಒಳಗಿನಿಂದ ಶಮ್ಸುನ್ನೀಸಾ ಸಕ್ಕರೆ ಡಬ್ಬಿ ಹಿಡಿದು ಆಗಲೇ ಬಾಗಿಲಿಗೆ ಬಂದಿದ್ದರು.