ಸಾಲಿಮ್ ಯಂತ್ರದ ಮರದ ಅಚ್ಚು

ಹಾಜ್ ಮೀಲಾದ್ ಒಡೆದುಹೋದ ಎರಡು ಕಬ್ಬಿಣದ ತಲೆಗಳನ್ನು ಗಡಿ ದಾಟಿಸಿ, ತ್ರಿಪೋಲಿಯಿಂದ ಸ್ಫಾಕ್ಸ್‌ವರೆಗೆ ತನ್ನ ಗಾಡಿಯಲ್ಲೇ ಹೇರಿಕೊಂಡು ಬಂದು, ನಜೀಹಾಳ ಕಚೇರಿಯ ಬಾಗಿಲಲ್ಲಿ ಇಳಿಸಿದ. ತಲೆಯೆಂದರೆ ಆಲಿವ್ ಹಿಂಡುವ ಯಂತ್ರದ ಮೇಲ್ತುದಿ. ನಾಲ್ಕು ಕಂಬಗಳ ಮೇಲೆ ಕೂತು, ಕೆಳಗಿನಿಂದ ಏರುವ ಒತ್ತಡವನ್ನೆಲ್ಲ ತಡೆದುಕೊಳ್ಳಬೇಕಾದ ಎರಕದ ತುಂಡು ಅದು. ಎರಡೂ ಹೆಗಲ ಹತ್ತಿರವೇ ಬಿರಿದಿದ್ದವು. ಎರಡರ ಮೇಲೂ ಅವಳ ಅಜ್ಜನ ಹೆಸರು ಉಬ್ಬಕ್ಷರದಲ್ಲಿ ಇತ್ತು: ಸಾಲಿಮ್ ಮತ್ತು ಮಕ್ಕಳು.

"ಲಲ್ಲಾ ನಜೀಹಾ, ಇದು ನಿಮ್ಮಣ್ಣ ಮಾಡಿದ್ದು. ಒಂದು ಸುಗ್ಗಿ ಬಾಳ್ತು. ಇದು ನಿಮ್ಮ ತಮ್ಮಂದು. ಎರಡು ಸುಗ್ಗಿ. ತಮ್ಮನೇ ವಾಸಿ ಅಂತ ಹೇಳ್ಲಾ?" ಎಂದು ಅವನು ನಕ್ಕ.

ನಜೀಹಾಳಿಗೆ ನಗಲು ಆಗಲಿಲ್ಲ. ಅವಳು ಮೊದಲು ಎಡಗಡೆಯ ಕಿಟಕಿಯನ್ನೂ ಆಮೇಲೆ ಬಲಗಡೆಯ ಕಿಟಕಿಯನ್ನೂ ನೋಡಿದಳು. ಎಡಕ್ಕೆ ಅಣ್ಣ ಶಾದ್ಲಿಯ ಅಂಗಳ, ಬಲಕ್ಕೆ ತಮ್ಮ ನೂರಿಯ ಅಂಗಳ. ನಡುವಿನ ಗೋಡೆ ಅವಳ ಕುರ್ಚಿಯ ಬೆನ್ನಿನಿಂದಲೇ ಶುರುವಾಗಿ ಹಿತ್ತಿಲ ತನಕ ಹೋಗಿತ್ತು. ಎರಡೂ ಕಡೆಗೆ ಬಾಗಿಲಿದ್ದ ಕೋಣೆ ಇಡೀ ಕಾರ್ಖಾನೆಯಲ್ಲಿ ಅವಳದೊಂದೇ. ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ನೋಡಿಯೇ ಮಾತಾಡುವುದು ಅವಳಿಗೆ ಏಳು ವರ್ಷದಿಂದ ರೂಢಿಯಾಗಿತ್ತು.

"ನಮ್ಮೂರಲ್ಲಿ ಒಂದಿದೆ, ಅರವತ್ತೊಂದರದ್ದು," ಮೀಲಾದ್ ಮುಂದುವರಿಸಿದ. "ನಿಮ್ಮಪ್ಪ ಫರ್ಜಾನಿಯವರು ತಾವೇ ಬಂದು ನಿಲ್ಲಿಸಿ ಹೋಗಿದ್ದು. ಮೂವತ್ನಾಲ್ಕು ವರ್ಷ ಆಯ್ತು, ಒಂದು ಕೂದಲೆಳೆ ಬಿರುಕಿಲ್ಲ. ನನಗೆ ಅಂಥ ತಲೆ ಬೇಕು. ಹನ್ನೆರಡು ಗಾಣ ಕಟ್ಟಿಸ್ತಾ ಇದ್ದೀನಿ. ಇಟಲಿಯವನು ದಿನಾ ಫೋನ್ ಮಾಡಿ ನನ್ನ ಮೊಮ್ಮಕ್ಕಳ ಆರೋಗ್ಯ ವಿಚಾರಿಸ್ತಾನೆ. ನನಗೆ ಅವನ ಯಂತ್ರ ಬೇಡ, ಅದು ರಿಪೇರಿಗೆ ಬಂದ್ರೆ ಅವನ ಭಾಷೆ ಯಾರಿಗೆ ಬರುತ್ತೆ? ಒಂದು ತಲೆ ಹುಯ್ದು ತೋರ್ಸಿ. ಒಂದು ಹಗಲು ಪೂರ್ತಿ ಒತ್ತಡದಲ್ಲಿ ನಿಲ್ಲಿಸ್ತೀನಿ. ನಿಂತ್ರೆ ಹನ್ನೆರಡೂ ನಿಮ್ಮದೇ."

"ಯಾವತ್ತಿನೊಳಗೆ ಹೇಳ್ಬೇಕು?"

"ಶುಕ್ರವಾರ. ಅಚ್ಚಿನ ಅರ್ಧ ಅವನ ಹತ್ರ, ಅರ್ಧ ಇವನ ಹತ್ರ ಅಂತಲ್ಲ? ಗಡಿಯಾಚೆಗೂ ಗೊತ್ತಿದೆ ತಾಯಿ. ಒಂದು ದಿನದ ಮಟ್ಟಿಗೆ ಅವೆರಡನ್ನ ಸೇರ್ಸಿ ಸಾಕು. ಅಣ್ಣತಮ್ಮಂದಿರನ್ನ ಸೇರಿಸೋದು ಆಮೇಲೆ ನೋಡ್ಕೊಳ್ಳೋಣ."

ಮೀಲಾದನಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಶಾದ್ಲಿಯ ಕಡೆ ಕುಲುಮೆಯಿತ್ತು, ನೂರಿಯ ಕಡೆ ಲೇತುಗಳಿದ್ದವು. ನೂರಿ ತನ್ನ ಎರಕವನ್ನು ಹೊರಗೆ ಕೂಲಿಗೆ ಹುಯ್ಯಿಸಿಕೊಳ್ಳುತ್ತಿದ್ದ, ಶಾದ್ಲಿಯ ಎರಕಗಳು ನಜೀಹಾಳ ಚೀಟಿಯ ಮೇಲೆ ತಮ್ಮನ ಲೇತಿಗೆ ಬರುತ್ತಿದ್ದವು. ಬರುವ ತಿಂಗಳ ಮೊದಲ ತಾರೀಕಿನಿಂದ ನೂರಿ ತನ್ನ ಭಾಗವನ್ನು ನೆಲದ ಟೈಲ್ಸ್ ಮಾರುವವನಿಗೆ ಬಾಡಿಗೆ ಕೊಡಲು ಮಾತಾಡಿದ್ದ. ಲೇತು ಹೋದರೆ ಕುಲುಮೆ ಒಂದೇ ಇದ್ದು ಏನು ಮಾಡೀತು? ಈ ಶುಕ್ರವಾರ ಕಳೆದರೆ ಸಾಲಿಮ್ ಹೆಸರಿನ ಯಂತ್ರ ಇನ್ನು ಇರುವುದಿಲ್ಲ. ನಜೀಹಾ ಅದನ್ನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಅಜ್ಜ ಸಾಲಿಮ್ ಫ್ರೆಂಚರ ತೋಟದಲ್ಲಿ ಯಂತ್ರಗಳಿಗೆ ಗ್ರೀಸು ಬಳಿಯುತ್ತಿದ್ದವನು. ಬಂದರಿನಲ್ಲಿ ಒಡೆದು ಹಾಕಿದ ಹಡಗಿನ ಕಬ್ಬಿಣ ಕರಗಿಸಿ ತನ್ನ ಮೊದಲ ಯಂತ್ರ ಮಾಡಿದ. ತೋಟದ ದೊರೆ ಬಂದು ನೋಡಿ, ಇದು ಎರಡು ದಿನ ನಿಂತರೆ ನನ್ನ ಟೋಪಿ ತಿನ್ನುತ್ತೇನೆ ಅಂದನಂತೆ. ಯಂತ್ರ ಇಪ್ಪತ್ತು ವರ್ಷ ನಿಂತಿತು. ಟೋಪಿಯ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಅಪ್ಪ ಫರ್ಜಾನಿ ಗಾಬೆಸ್ ರಸ್ತೆಯಲ್ಲಿ ಕಾರ್ಖಾನೆ ಕಟ್ಟಿದ. ಅಚ್ಚಿನ ಕೆಲಸಕ್ಕೆ ಮೇಸ್ತ್ರಿ ಉಸ್ತಾ ಬೂಬಕ್ಕರನನ್ನು ಇಟ್ಟುಕೊಂಡ. ಬೂಬಕ್ಕರ್ ಅಕ್ರೋಟ್ ಮರದಲ್ಲಿ ತಲೆಯ ಅಚ್ಚನ್ನು ಎರಡು ಹೋಳಾಗಿ ಕೆತ್ತಿದ. ಮೇಲಿನ ಹೋಳಿನಲ್ಲಿ ನಾಲ್ಕು ತೂತು, ಕೆಳಗಿನದರಲ್ಲಿ ನಾಲ್ಕು ಗೂಟ. ಎರಡನ್ನೂ ಕೂಡಿಸಿದರೆ ನಡುವಿನ ಗೆರೆಯಲ್ಲಿ ಉಗುರು ಕೂಡ ಹೋಗುತ್ತಿರಲಿಲ್ಲ. ಒಂದೊಂದು ಹೋಳನ್ನೂ ಒಂದೊಂದು ಪೆಟ್ಟಿಗೆಯ ಮರಳಿನಲ್ಲಿ ಒತ್ತಿ, ತೆಗೆದು, ಪೆಟ್ಟಿಗೆಗಳನ್ನು ಮುಚ್ಚಿ ಕಬ್ಬಿಣ ಹುಯ್ದರೆ ತಲೆ ಸಿದ್ಧ. ಕಬ್ಬಿಣ ಆರುವಾಗ ಕುಗ್ಗುತ್ತದೆ. ಎಲ್ಲಿ ಎಷ್ಟು ಕುಗ್ಗುತ್ತದೆ, ಎಲ್ಲಿ ಎಷ್ಟು ಮರ ಹೆಚ್ಚು ಬಿಡಬೇಕು ಎನ್ನುವುದು ಬೂಬಕ್ಕರನ ಕೈಗೆ ಮಾತ್ರ ಗೊತ್ತಿತ್ತು.

ನಜೀಹಾ ಟ್ಯೂನಿಸ್‌ನಲ್ಲಿ ಗಣಿತ ಓದಿ ಬಂದ ವರ್ಷ, ಅಚ್ಚುಗಳ ನಕ್ಷೆ ಬರೆದಿಡುತ್ತೇನೆ ಎಂದು ಅಪ್ಪನನ್ನು ಕೇಳಿದ್ದಳು. "ಕಾಗದಾನ ಜೇಬಲ್ಲಿಟ್ಕೊಂಡು ಹೋಗ್ಬಹುದು ಮಗಳೇ," ಎಂದಿದ್ದ ಅಪ್ಪ. "ಮರ ಕದಿಯೋಕೆ ಲಾರಿ ಬೇಕು. ಲಾರಿ ಬಂದ್ರೆ ನನಗೆ ಕೇಳ್ಸುತ್ತೆ." ಅಲ್ಲಿಗೆ ಆ ಮಾತು ಮುಗಿಯಿತು. ಅವಳು ಪತ್ರವ್ಯವಹಾರ ನೋಡಿಕೊಂಡು ಉಳಿದಳು.

ಅಪ್ಪ ಅವಳ ಅಭಿಪ್ರಾಯ ಕೇಳಿದ್ದು ಒಂದೇ ಒಂದು ಸಲ. ಕೊನೆಯ ಕಾಯಿಲೆಯಲ್ಲಿ ಮಲಗಿದ್ದ. ಒಂದು ಮಧ್ಯಾಹ್ನ ಅವಳು ಬಾರ್ಲಿ ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ನಾನು ಹೋದ ಮಾರನೇ ದಿನಾನೇ ಇವರಿಬ್ರೂ ಬೇರೆ ಆಗ್ತಾರೆ. ಏನು ಮಾಡ್ಲಿ ಹೇಳು. ನೀನು ಓದಿದವಳು."

ಅವಳು ಯೋಚಿಸಿ ಹೇಳಿದ್ದಲ್ಲ, ಹೆದರಿ ಹೇಳಿದ್ದು. "ಅಚ್ಚುಗಳ ಮೇಲಿನ ಹೋಳೆಲ್ಲ ಶಾದ್ಲಿಗೆ ಕೊಡಿ ಬಾಬಾ, ಕೆಳಗಿನ ಹೋಳೆಲ್ಲ ನೂರಿಗೆ. ಆಗ ಒಬ್ಬರನ್ನೊಬ್ಬರು ಬಿಟ್ಟು ಇರೋಕಾಗಲ್ಲ."

ಅಪ್ಪ ಗಂಜಿಯ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಕುಡಿದ. ಮರುದಿನ ಇಬ್ಬರು ಮಕ್ಕಳನ್ನೂ ಕರೆದು ಅದನ್ನೇ ತನ್ನ ತೀರ್ಮಾನವೆಂದು ಹೇಳಿದ. ಊರಿನ ಕಾಫಿ ಅಂಗಡಿಗಳಲ್ಲಿ ಫರ್ಜಾನಿಯ ಬುದ್ಧಿವಂತಿಕೆಯ ಮಾತು ತಿಂಗಳುಗಟ್ಟಲೆ ನಡೆಯಿತು. ನಜೀಹಾ ಮನಸ್ಸಿನಲ್ಲೇ ಸ್ವಲ್ಪ ಹೆಮ್ಮೆ ಪಟ್ಟುಕೊಂಡಿದ್ದಳು; ಅದು ನೆನಪಾದರೆ ಈಗ ಅವಳಿಗೆ ನಾಚಿಕೆಯಾಗುತ್ತಿತ್ತು.

ಅಪ್ಪ ತೀರಿಕೊಂಡ ನಲವತ್ತು ದಿನಕ್ಕೆ ಗೋಡೆ ಎದ್ದಿತು. ಶಾದ್ಲಿ ಕೆಳಗಿನ ಹೋಳು ಕೇಳಿದರೆ ನೂರಿ ಕೊಡಲಿಲ್ಲ, ನೂರಿ ಮೇಲಿನದು ಕೇಳಿದರೆ ಶಾದ್ಲಿ ಕೊಡಲಿಲ್ಲ. ಇಬ್ಬರೂ ಬೂಬಕ್ಕರನ ಹತ್ತಿರ ಹೋದರು. "ಜೋಡಿ ಅಚ್ಚಿನ ಒಂದು ಹೋಳಿಗೆ ನಾನು ಉಳಿ ಮುಟ್ಟಿಸಲ್ಲ. ಇಬ್ರೂ ಒಟ್ಟಿಗೆ ಬನ್ನಿ," ಎಂದು ಅವನು ಇಬ್ಬರನ್ನೂ ಕಳಿಸಿಬಿಟ್ಟ. ಇಬ್ಬರೂ ಒಟ್ಟಿಗೆ ಹೋಗಲಿಲ್ಲ. ಎರಡು ಚಳಿಗಾಲದ ಹಿಂದೆ ಬೂಬಕ್ಕರನೂ ತೀರಿಹೋದ. ಇಬ್ಬರೂ ಯಾರಿಂದಲೋ ತಮಗಿಲ್ಲದ ಹೋಳನ್ನು ಮಾಡಿಸಿಕೊಂಡರು, ಯಂತ್ರಗಳು ಹೊರಬೀಳುತ್ತಲೇ ಇದ್ದವು, ಬಿರಿಯುತ್ತಲೂ ಇದ್ದವು. ಈದ್ ಬೆಳಿಗ್ಗೆ ಉಪ್ಪುಮೀನು, ಒಣದ್ರಾಕ್ಷಿಯ ಶರ್ಮೂಲಾ ಗೊಜ್ಜು ಹಿಡಿದು ನಜೀಹಾ ಮೊದಲು ಅಣ್ಣನ ಮನೆಗೆ, ಆಮೇಲೆ ತಮ್ಮನ ಮನೆಗೆ ನಡೆಯುತ್ತಿದ್ದಳು. ಒಂದೇ ತಟ್ಟೆಯಲ್ಲಿ ಉಂಡವರಿಗೆ ಎರಡು ಡಬ್ಬಿ.

ಮೀಲಾದ್ ಹೋದ ಮೇಲೆ ಅವಳು ಮೊದಲು ಎಡಗಡೆಯ ಬಾಗಿಲು ತೆರೆದಳು. ಶಾದ್ಲಿ ಕುಲುಮೆಯ ಪಕ್ಕ ಕೂತು ಚಹಾ ಕುಡಿಯುತ್ತಿದ್ದ.

"ಅವನು ಬರ್ಲಿ, ನಾನ್ಯಾಕೆ ಹೋಗ್ಲಿ? ದೊಡ್ಡವನು ಯಾರು?" ಎಂದ.

"ಯಾರೂ ಯಾರ ಹತ್ರಾನೂ ಹೋಗೋದು ಬೇಡಣ್ಣ. ನನ್ನ ಕೋಣೆಗೆ ಬಾ. ನಿನ್ನ ಬಾಗಿಲಿಂದ ನೀನು, ಅವನ ಬಾಗಿಲಿಂದ ಅವನು."

"ನಮ್ಮ ಲಲ್ಲಾ ದೊಡ್ಡ ವಕೀಲೆ ಆಗ್ಬೇಕಿತ್ತು," ಎಂದು ಶಾದ್ಲಿ ಲೋಟ ಕೆಳಗಿಟ್ಟ. ಆದರೂ ಬರುತ್ತೇನೆ ಎಂದ.

ನೂರಿ ಲೇತಿನ ಮೇಲೆ ಟೈಲ್ಸಿನ ಮಾದರಿಗಳನ್ನು ಹರಡಿಕೊಂಡಿದ್ದ. "ಈ ಹೂವಿಂದು ನೋಡಕ್ಕಾ, ನಿನ್ನ ಅಡುಗೆಮನೆಗೆ ಚೆನ್ನಾಗಿರುತ್ತೆ," ಎಂದ. ಅವಳು ಎಲ್ಲ ಹೇಳುವ ತನಕ ಅವನ ಕೈ ಆ ಹೂವಿನ ಮೇಲೇ ಇತ್ತು. ಆಮೇಲೆ ಮೆಲ್ಲಗೆ ಕೇಳಿದ: "ಹನ್ನೆರಡಾ?"

"ಹನ್ನೆರಡು."

"ಶಾದ್ಲಿ ಬರ್ತೀನಿ ಅಂದ್ನಾ?"

"ಅಂದ."

ನೂರಿ ಟೈಲ್ಸನ್ನು ಒಂದರ ಮೇಲೊಂದು ಜೋಡಿಸಿ ಪಕ್ಕಕ್ಕಿಟ್ಟ. ಆ ಮೂರು ದಿನ ನಜೀಹಾಳಿಗೆ ಊಟ ಸೇರಲಿಲ್ಲ. ಆಸೆ ಹುಟ್ಟಿದಾಗಲೆಲ್ಲ ಅವಳಿಗೆ ಹಾಗೆ, ಭಯಕ್ಕಿಂತ ಆಸೆಯೇ ಹೆಚ್ಚು ಕಾಡುತ್ತಿತ್ತು.

ಶುಕ್ರವಾರ ನಮಾಜು ಮುಗಿದ ಮೇಲೆ ಶಾದ್ಲಿ ಎಡಬಾಗಿಲಿನಿಂದ, ನೂರಿ ಬಲಬಾಗಿಲಿನಿಂದ ಬಂದರು. ತೊಟ್ಟಿಲಷ್ಟು ದೊಡ್ಡ ಹೋಳುಗಳನ್ನು ಇಬ್ಬರೂ ಹಳೆಯ ಚಾದರದಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತಿದ್ದರು. ನಜೀಹಾ ಅಪ್ಪನ ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ಮೊದಲೇ ತೆಗೆದಿಟ್ಟಿದ್ದಳು.

"ಆರೋಗ್ಯನಾ?" ಎಂದ ಶಾದ್ಲಿ, ಗೋಡೆಯನ್ನು ನೋಡುತ್ತ.

"ದೇವರ ದಯೆ. ನೀನು?"

"ಮಂಡಿ ನೋವು."

"ಬಾಬಾಗೂ ಇತ್ತು."

ನೂರಿ ತನ್ನ ಹೋಳನ್ನು ಗೂಟ ಮೇಲೆ ಮಾಡಿ ಮೇಜಿನ ಮೇಲಿಟ್ಟ. ಬೂಬಕ್ಕರ್ ಬಳಿದ ಕೆಂಪು ಬಣ್ಣ ಇನ್ನೂ ಇತ್ತು. ಶಾದ್ಲಿ ತನ್ನದನ್ನು ಎತ್ತಿ ಅದರ ಮೇಲೆ ಇಳಿಸಿದ. ಅದು ಕೂರಲಿಲ್ಲ. ಸ್ವಲ್ಪ ತಿರುಗಿಸಿದ. ಆಗಲೂ ಕೂರಲಿಲ್ಲ. ಒಂದು ಗೂಟ ಒಳಗೆ ಹೋದರೆ ಇನ್ನೊಂದು ಹೊರಗೆ ನಿಲ್ಲುತ್ತಿತ್ತು. ಮೇಲಿನ ಹೋಳು ಕಾಲು ಕುಂಟಾದ ಸ್ಟೂಲಿನಂತೆ ಅಲ್ಲಾಡಿತು.

"ಮರ ಊದಿರ್ಬೇಕು," ಎಂದಳು ನಜೀಹಾ.

ಶಾದ್ಲಿ ಬಗ್ಗಿ ಕೆಳಗಿನ ಹೋಳಿನ ಅಂಚನ್ನು ಉಗುರಿನಿಂದ ಕೆರೆದ. ಅಲ್ಲಿನ ಕೆಂಪು ಹೊಸದು, ಅದರಡಿಯಲ್ಲಿ ಹೊಸದಾಗಿ ಹೆರೆದ ಮರ. "ಗೂಟ ಕಿತ್ತು ಬೇರೆ ಕಡೆ ಹೊಡೆಸಿದ್ದೀಯ. ಹೆಗಲು ಬೇರೆ ಹೆರೆಸಿದ್ದೀಯ! ಬೆರಳು ದಪ್ಪ ಮರ ಹೋಗಿದೆ ಇಲ್ಲಿ."

"ಮೇಲಿನ ಹೋಳು ನನ್ನ ಹತ್ರ ಎಲ್ಲಿತ್ತು? ಹೊಸದು ಮಾಡ್ಸಿದೆ, ಅದಕ್ಕೆ ಹೊಂದ್ಲಿ ಅಂತ ಸ್ವಲ್ಪ ಹೆರೆಸಿದೆ." ನೂರಿ ಅಣ್ಣನ ಹೋಳನ್ನು ಮಗುಚಿ ಹಾಕಿದ. ನಾಲ್ಕು ತೂತುಗಳಿಗೂ ಬೆಣೆ ಬಡಿದು ಮುಚ್ಚಿ ಪಕ್ಕದಲ್ಲಿ ಹೊಸ ತೂತು ಕೊರೆದಿತ್ತು. ಹೆಗಲಿನ ತಿರುವು ಇದರಲ್ಲೂ ತೆಳ್ಳಗಾಗಿತ್ತು. "ಇದೇನು ಹಾಗಾದ್ರೆ? ಇಲಿ ತಿಂತಾ? ಯಾರ ಕೈಲಿ ಮಾಡ್ಸಿದೆ ಇದನ್ನ?"

"ನಿನ್ನ ಹಾಗೆ ಮಂಚ ಮಾಡೋ ಬಡಗಿ ಕೈಲಂತೂ ಅಲ್ಲ."

"ಮತ್ತೆ?"

ಶಾದ್ಲಿ ಸ್ವಲ್ಪ ತಡೆದು ಹೇಳಿದ: "ಕಪಾಟು ಮಾಡೋನು."

ನಜೀಹಾ ಎರಡು ಹೋಳುಗಳ ನಡುವಿನ ಸಂದಿಯಲ್ಲಿ ಬೆರಳಿಟ್ಟಳು. ಉಗುರು ಹೋಗದ ಜಾಗದಲ್ಲಿ ಈಗ ಅವಳ ತೋರುಬೆರಳು ಸಲೀಸಾಗಿ ಹೋಯಿತು. ಎರಡೂ ಕಡೆ ಹೆರೆದದ್ದು ಎಷ್ಟು, ಮೊದಲು ಇದ್ದದ್ದು ಎಷ್ಟು ಎಂದು ಎಲ್ಲೂ ಬರೆದಿರಲಿಲ್ಲ.

"ಮೀಲಾದನ ಊರಲ್ಲಿ ಹಳೇದು ಇದೆಯಲ್ಲ, ಅಳತೆ ತರೋಣ," ಎಂದ ನೂರಿ.

"ಅದು ಕುಗ್ಗಿದ ಮೇಲಿನ ಅಳತೆ. ಎಲ್ಲಿ ಎಷ್ಟು ಸೇರಿಸ್ತೀಯ? ಬೂಬಕ್ಕರನ ಗೋರಿ ತಟ್ಟಿ ಕೇಳ್ತೀಯಾ?" ಎಂದ ಶಾದ್ಲಿ. ಅವನ ದನಿಯಲ್ಲಿ ಈಗ ಕೋಪವಿರಲಿಲ್ಲ. ಕುರ್ಚಿ ಎಳೆದು ಕೂತು ಮಂಡಿ ಒತ್ತಿಕೊಂಡ. "ಎಲ್ಲ ಬಾಬಾ ಮಾಡಿದ್ದು. ಇಡೀ ಅಚ್ಚು ಯಾರಿಗೋ ಒಬ್ಬನಿಗೆ ಕೊಟ್ಟಿದ್ರೆ ಒಬ್ಬನಾದ್ರೂ ಉಳೀತಿದ್ದ."

"ನಿಜ," ಎಂದ ನೂರಿ. "ನಿನಗೇ ಕೊಟ್ಟಿದ್ರೂ ಪರವಾಗಿರಲಿಲ್ಲ. ಎಂಥ ಬುದ್ಧಿ ಅದು! ಕಾಯಿಲೆಯಲ್ಲಿ ತಲೆ ಕೆಟ್ಟಿರ್ಬೇಕು."

ಏಳು ವರ್ಷದಲ್ಲಿ ಅಣ್ಣತಮ್ಮಂದಿರು ಒಪ್ಪಿದ ಮೊದಲ ಮಾತು ಇದು. ಅದನ್ನು ಹಾಗೆಯೇ ಬಿಟ್ಟಿದ್ದರೆ ಆಗುತ್ತಿತ್ತೇನೋ. ಆದರೆ ಅಪ್ಪನ ತಲೆ ಕೆಟ್ಟಿತ್ತು ಎಂಬ ಮಾತನ್ನು ನಜೀಹಾ ನುಂಗಿಕೊಳ್ಳಲಾರದೆ ಹೋದಳು.

"ಅದು ಬಾಬಾನ ಯೋಚನೆ ಅಲ್ಲ. ನಾನು ಹೇಳಿಕೊಟ್ಟಿದ್ದು."

ಇಬ್ಬರೂ ಅವಳತ್ತ ತಿರುಗಿದರು.

"ನನ್ನನ್ನ ಕೇಳಿದ್ರು. ಹೋಳು ಮಾಡಿ ಕೊಡಿ ಅಂತ ನಾನೇ ಅಂದೆ. ನೀವು ಬೇರೆ ಆಗಬಾರ್ದು ಅಂತ."

ಶಾದ್ಲಿಯ ತುಟಿ ಮೊದಲು ಅದುರಿತು. "ಬಾಬಾ? ನಿನ್ನನ್ನ ಕೇಳಿದ್ರಾ?" ನೂರಿ ಅಣ್ಣನ ಮುಖ ನೋಡಿದ. ಆಮೇಲೆ ಇಬ್ಬರೂ ನಕ್ಕರು. ಚಿಕ್ಕಂದಿನಲ್ಲಿ ಅಂಗಳದ ಮರಳಿನ ಗುಡ್ಡೆಯ ಮೇಲೆ ಉರುಳಾಡುತ್ತ ನಕ್ಕಂತೆ, ಒಬ್ಬನ ನಗು ನಿಂತರೆ ಇನ್ನೊಬ್ಬನದು ಶುರುವಾಗುವ ಹಾಗೆ ನಕ್ಕರು. "ಅಕ್ಕಾ, ಬಾಬಾ ಚಹಾಗೆ ಸಕ್ಕರೆ ಎಷ್ಟು ಅಂತಾನೂ ನಿನ್ನನ್ನ ಕೇಳಿದವರಲ್ಲ," ಎಂದು ನೂರಿ ಕಣ್ಣೊರೆಸಿಕೊಂಡ. "ಪಾಪ, ಅವರ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ತಾ ಇದ್ದಾಳೆ," ಎಂದ ಶಾದ್ಲಿ ಪ್ರೀತಿಯಿಂದಲೇ.

ಅವಳು ಆಣೆಯಿಟ್ಟು ಹೇಳಬಹುದಿತ್ತು. ಆದರೆ ಬಟ್ಟಲು ಹಿಡಿದು ಕೂತಿದ್ದ ಆ ಮಧ್ಯಾಹ್ನಕ್ಕೆ ಸಾಕ್ಷಿ ಇರಲಿಲ್ಲ. ತಪ್ಪು ಕೂಡ ತನ್ನದು ಎಂದರೆ ಇವರು ನಂಬುವುದಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು.

ನಗು ತಾನಾಗಿ ನಿಂತಿತು. ಕೋಣೆಯಲ್ಲಿ ಉಳಿದದ್ದು ಮೇಜು ಮತ್ತು ಅದರ ಮೇಲೆ ಓರೆಯಾಗಿ ಕೂತ ಅಚ್ಚು. ಶಾದ್ಲಿ ಎದ್ದು ತನ್ನ ಹೋಳನ್ನು ಎತ್ತಿ ಚಾದರದಲ್ಲಿ ಸುತ್ತಿದ. ನೂರಿಯೂ ತನ್ನದನ್ನು ಸುತ್ತಿದ. ಇನ್ನು ಒಲೆಗೆ ಹಾಕುವುದಕ್ಕಲ್ಲದೆ ಯಾವುದಕ್ಕೂ ಬಾರದ ಮರ. ಆದರೂ ಒಬ್ಬನೂ ತನ್ನ ಹೋಳನ್ನು ಅಲ್ಲಿ ಬಿಡಲಿಲ್ಲ. ಶಾದ್ಲಿ ಎಡಬಾಗಿಲಿನಿಂದ, ನೂರಿ ಬಲಬಾಗಿಲಿನಿಂದ ಹೊರಟರು. ಒಂದನೇ ತಾರೀಕಿಗೆ ಟೈಲ್ಸಿನವನು ಬರುತ್ತಾನೆ ಎಂದು ನೂರಿ ಹೊಸ್ತಿಲಲ್ಲಿ ಹೇಳಿದ. ಶಾದ್ಲಿಗೆ ಕೇಳಿಸಿತು, ಅವನು ತಿರುಗಲಿಲ್ಲ.

ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಫೋನ್ ಬಂತು.

"ಏನು ಲಲ್ಲಾ, ಎರಕ ಯಾವತ್ತು?" ತ್ರಿಪೋಲಿಯ ತಂತಿಯಲ್ಲಿ ಮೀಲಾದನ ದನಿ ಕರಕರ ಎನ್ನುತ್ತಿತ್ತು.

ನಜೀಹಾ ಕಿಟಕಿಯಾಚೆ ನೋಡಿದಳು. ಬಲಗಡೆಯ ಅಂಗಳದಲ್ಲಿ ನೂರಿ ತನ್ನ ಹೋಳಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದ, ಅಪ್ಪ ಒರೆಸುತ್ತಿದ್ದ ಹಾಗೆಯೇ, ನಿಧಾನವಾಗಿ, ಅಂಚಿನಿಂದ ಒಳಕ್ಕೆ.

"ಇಟಲಿಯವನಿಗೆ ಹೇಳಿಬಿಡಿ ಹಾಜ್," ಎಂದಳು.

ಅವನು ಕೇಳಿದ: "ಯಾಕಮ್ಮ? ಎರಡು ಹೋಳೂ ಸಿಗಲಿಲ್ವಾ?"

"ಸಿಕ್ಕಿದವು," ಎಂದಳು ನಜೀಹಾ. "ಎರಡೂ ಸಿಕ್ಕಿದವು."