ಗ್ಯಾರಂಟಿ ಇಲ್ಲದ ಚುಚ್ಚುಮದ್ದು

ನರಸಿಂಹರಾಜಪುರದ ಪೇಟೆಬೀದಿಯಲ್ಲಿ, ಪಂಪ್‌ಸೆಟ್ ಮತ್ತು ಪೈಪಿನ ವ್ಯಾಪಾರಿ ಗಂಗಾಧರಪ್ಪನವರ ನಡುಮನೆಯಲ್ಲಿ, ಕಳೆದ ವರ್ಷ ಶಿವರಾತ್ರಿ ಮುಗಿದ ವಾರ, ಒಂದು ಸ್ಟೂಲು ಎರಡು ಮೊಳ ಜರುಗಿತು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಈ ಊರಿನಲ್ಲಿ ರಸ್ತೆ ಅಗಲವಾಗಿದೆ, ಬಸ್‌ಸ್ಟ್ಯಾಂಡಿನ ಹೋಟೆಲು ಕೈ ಬದಲಾಯಿಸಿದೆ, ಎಮ್ಮೆಲ್ಲೆಗಳು ಬಂದು ಹೋಗಿದ್ದಾರೆ. ಆ ಸ್ಟೂಲು ಮಾತ್ರ ಕಿಟಕಿಯ ಕೆಳಗಿಂದ ಕದಲಿರಲಿಲ್ಲ. ಜರುಗಿಸಿದವರು ಗಂಗಾಧರಪ್ಪನ ಷಡ್ಡಕ ಷಡಕ್ಷರಿ. ಕಾರಣ, ಫ್ಯಾನಿನ ಗಾಳಿ.

ಆ ಮನೆಯಲ್ಲಿ ಸಾಮಾನು ಜರುಗಿಸುವುದು ನಿಷಿದ್ಧ. ಚಪ್ಪಲಿ ಗೋಡೆಗೆ ಒತ್ತಿಕೊಂಡಿರಬೇಕು. ಬಾಗಿಲು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಬಕೆಟ್ಟು ದಾರಿಯಲ್ಲಿ ಇಟ್ಟವರಿಗೆ ಅವತ್ತು ಊಟಕ್ಕೆ ಮೊದಲು ಬೈಗುಳ. ಇದೆಲ್ಲ ಮಗ ಬಸವೇಶನಿಗಾಗಿ. ಚಿಕ್ಕವನಿದ್ದಾಗ ಅವನಿಗೆ ಸಂಜೆಯಾದರೆ ಕಾಣುತ್ತಿರಲಿಲ್ಲ. ಆಮೇಲೆ ಪಕ್ಕದ್ದು ಕಾಣದಾಯಿತು. ಈಗ ಇಪ್ಪತ್ತೈದು ದಾಟಿದ್ದಾನೆ; ಎಡಗಣ್ಣಿಗೆ ಅರ್ಧ ಇಂಚಿನ ಪೈಪಿನೊಳಗಿಂದ ಇಣುಕಿದಷ್ಟು ಲೋಕ, ಬಲಗಣ್ಣಿಗೆ ಬೆಳಕು ಮತ್ತು ನೆರಳು. ಪೈಪಿನ ಲೆಕ್ಕ ಅವನದೇ. "ಅಪ್ಪನ ಮೀಸೆ ಕಾಣುತ್ತೆ. ಕಿವಿ ಬೇಕಾದ್ರೆ ಇನ್ನೊಂದ್ಸಲ ನೋಡ್ಬೇಕು" ಅನ್ನುತ್ತಾನೆ.

ಆ ಸಂಜೆ ಮಗಳು ಮೇಘನ ಟ್ಯೂಷನ್ ಮುಗಿಸಿ ಒಳಗೆ ಬಂದಳು. ಎಂಟನೇ ಕ್ಲಾಸಿನ ಹುಡುಗಿ. ಬಂದವಳು ನೆಟ್ಟಗೆ ಸ್ಟೂಲಿಗೆ ತಾಗಿ, ಷಡಕ್ಷರಿಯ ಕಾಫಿ ಸಮೇತ ಬಿದ್ದಳು. ಗದ್ದ ಸೀಳಿತು.

"ಏನೇ ಹುಡುಗಿ, ಇಷ್ಟು ದೊಡ್ಡ ಮನುಷ್ಯ ಕೂತಿದ್ದೀನಿ, ಕಣ್ಣು ಕಾಣಲ್ವಾ?" ಅಂದರು ಷಡಕ್ಷರಿ, ಪಂಚೆ ಕೊಡವುತ್ತ.

ತಾಯಿ ನೀಲಾಂಬಿಕೆ ಅರಿಸಿನ ಹಿಡಿದು ಓಡಿಬಂದಳು. ಒಳಕೋಣೆಯಿಂದ ಬಸವೇಶ ಕೇಳಿದ: "ಮೇಘಾ, ಸ್ಟೂಲು ನೋಡ್ಲಿಲ್ವಾ?"

"ನೋಡ್ಲಿಲ್ಲ ಅಣ್ಣ."

"ನೋಡ್ಲಿಲ್ವೋ, ಕಾಣ್ಲಿಲ್ವೋ?"

ಹುಡುಗಿ ಕೈಯಿಂದ ನೆಲ ತಡವಿ ಕಾಫಿ ಲೋಟ ಹುಡುಕಿದಳು. ಗಾಯ ಒರೆಸಲು ಬಂದ ಗಂಗಾಧರಪ್ಪನ ಕೈಯಲ್ಲಿದ್ದ ಹತ್ತಿ ಕೈಯಲ್ಲೇ ಉಳಿಯಿತು. ಒಬ್ಬನಿಗೆ ಎಡವಬಾರದೆಂದು ಮನೆಯನ್ನು ಮೊಳೆ ಹೊಡೆದ ಹಾಗೆ ಇಟ್ಟಿದ್ದರು. ಇನ್ನೊಬ್ಬಳು ಎಡವುವುದೇ ಯಾರಿಗೂ ಗೊತ್ತಾಗಿರಲಿಲ್ಲ.

"ಯಾವಾಗಿಂದ?" ಅಂದರು.

"ಆರನೇ ಕ್ಲಾಸಿಂದ."

"ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಹೇಳಿದ್ರೆ ಅಣ್ಣನ ಹತ್ರ ಮಾತಾಡೋ ಹಾಗೆ ಎಲ್ಲರೂ ನನ್ನ ಹತ್ರನೂ ಮೆತ್ತಗೆ ಮಾತಾಡ್ತೀರಲ್ಲ, ಅದಕ್ಕೆ."

ಅವತ್ತು ಯಾರೂ ಸರಿಯಾಗಿ ಊಟ ಮಾಡಲಿಲ್ಲ, ಷಡಕ್ಷರಿ ಒಬ್ಬರನ್ನು ಬಿಟ್ಟು. ಅವರು ಕೈ ತೊಳೆದುಕೊಂಡು ಬಂದು ಪರಿಹಾರವನ್ನೂ ಕೊಟ್ಟರು. ಅವರಿಗೆ ಗೊತ್ತಿರುವ ಒಂದು ಕ್ಲಿನಿಕ್ ಇದೆ. ಅಲ್ಲಿ ಜೀವಕೋಶದ ಇಂಜೆಕ್ಷನ್ ಕೊಡುತ್ತಾರೆ. ಎರಡೂ ಕಣ್ಣಿಗೆ ಒಂದೇ ದಿನ. "ಗ್ಯಾರಂಟಿ ಕಣ ಮಾರಾಯ. ಬರೆದು ಕೊಡ್ತಾರೆ."

ಗಂಗಾಧರಪ್ಪನ ತಂದೆ ಮರುಳಸಿದ್ದಪ್ಪನವರದು ಬೇರೆ ಚಿಂತೆ. ಎಂಬತ್ತು ದಾಟಿದ ಹಿರಿಯರು. ವಿಭೂತಿ ಹಚ್ಚಿಕೊಂಡು ಕೂತರೆ ಕಲ್ಲಿನ ಹಾಗೆ. "ಕಾಯಿಲೆ ನಮ್ಮ ವಂಶದ್ದಲ್ಲ. ನೀಲಾಂಬಿಕೆ ಕಡೆಯಿಂದ ಬಂದದ್ದು."

ನೀಲಾಂಬಿಕೆ ತಟ್ಟೆ ತೆಗೆಯುತ್ತಿದ್ದವಳು ನಿಂತಳು. "ನನ್ನ ಕಡೆ ಅಂದ್ರೆ ಯಾರು ಅಜ್ಜ? ನಮ್ಮಮ್ಮ ನಿಮ್ಮ ಮಗಳಲ್ವಾ?"

ಅದು ನಿಜವೇ. ಗಂಗಾಧರಪ್ಪ ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು. ಹೆಣ್ಣು ಹೊರಗೆ ಹೋಗಬಾರದು, ಹೊರಗಿನ ಹೆಣ್ಣು ಒಳಗೆ ಬರಬಾರದು ಎಂದು ಆ ಸಂಬಂಧ ಕೂಡಿಸಿದವರು ಮರುಳಸಿದ್ದಪ್ಪನವರೇ. ಬೀಗರ ಮನೆತನವನ್ನು ಬೈಯಲು ಹೊರಟರೆ ಈ ಮನೆಯಲ್ಲಿ ತಮ್ಮದೇ ಹೊಸ್ತಿಲಿಗೆ ಬಂದು ನಿಲ್ಲಬೇಕು.

ಬಸವೇಶ ಹೈಸ್ಕೂಲಿನಲ್ಲಿದ್ದಾಗಲೇ ಕೊಪ್ಪದ ಕಣ್ಣಿನ ಕ್ಯಾಂಪಿನಲ್ಲಿ ಡಾಕ್ಟರೊಬ್ಬರು ಹೇಳಿದ್ದರು: ಇದು ಹುಟ್ಟಿನಿಂದ ಬಂದ ರೆಟಿನಾದ ಕಾಯಿಲೆ, ಮನೆಯವರೆಲ್ಲ ರಕ್ತ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿ. ಮನೆತನದಲ್ಲಿ ಮದುವೆಗೆ ಬಂದ ಹುಡುಗಿಯರಿದ್ದಾರೆ, ಸುದ್ದಿಯಾದರೆ ಸಂಬಂಧ ಮುರಿಯುತ್ತದೆ ಎಂದು ಮರುಳಸಿದ್ದಪ್ಪ ತಡೆದರು. ಗಂಗಾಧರಪ್ಪ ಅಪ್ಪನ ಮಾತಿಗೆ ತಲೆಯಾಡಿಸಿದರು. ಹುಡುಗಿಯರ ಮದುವೆಗಳೆಲ್ಲ ಚೆನ್ನಾಗಿಯೇ ಆದವು, ಬಾಳೆಹೊನ್ನೂರಿನಲ್ಲಿ ಎರಡು, ಶೃಂಗೇರಿಯಲ್ಲಿ ಒಂದು. ಅಷ್ಟರಲ್ಲಿ ಬಸವೇಶನ ಪೈಪು ಒಂದೂವರೆ ಇಂಚಿನಿಂದ ಅರ್ಧ ಇಂಚಿಗೆ ಬಂತು.

"ಅಪ್ಪ, ಷಡಕ್ಷರಿ ಚಿಕ್ಕಪ್ಪನ ಕ್ಲಿನಿಕ್ ಬೇಡ," ಅಂದ ಬಸವೇಶ. ಅವನ ಮೊಬೈಲು ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುತ್ತದೆ, ಅಡಿಕೆ ಹರಾಜು ಕೂಗಿದ ವೇಗದಲ್ಲಿ. ಕೇಳಿ ಅರ್ಥ ಮಾಡಿಕೊಳ್ಳುವವನು ಮನೆಯಲ್ಲಿ ಅವನೊಬ್ಬನೇ. "ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಜೀನ್ ಚಿಕಿತ್ಸೆಯ ಪ್ರಯೋಗ ನಡೀತಿದೆ. ನಾನು ಮಾತಾಡಿದ್ದೀನಿ. ಮೊದಲು ಎಲ್ಲರೂ ರಕ್ತ ಕೊಡ್ಬೇಕು."

"ಮನೆತನದ ಮಾನ..." ಎಂದು ಶುರು ಮಾಡಿದರು ಮರುಳಸಿದ್ದಪ್ಪ.

"ಅಜ್ಜ, ಮಾನಕ್ಕೆ ಒಬ್ಬನ್ನ ಕೊಟ್ಟಾಯ್ತು," ಅಂದಳು ನೀಲಾಂಬಿಕೆ. "ಇನ್ನೊಬ್ಬಳನ್ನ ಕೊಡಲ್ಲ."

ಮರುಳಸಿದ್ದಪ್ಪ ಒಪ್ಪಲಿಲ್ಲ. ಸುಮ್ಮನಾದರು. ಆ ವಯಸ್ಸಿನಲ್ಲಿ ಅದೂ ಒಂದು ಸುಧಾರಣೆಯೇ.

ರಕ್ತದ ವರದಿ ಬಂದ ಮೇಲೆ ಗಂಡ ಹೆಂಡತಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಬೆಂಗಳೂರಿಗೆ ಹೋದರು. ಆಸ್ಪತ್ರೆಯಲ್ಲಿ ವಂಶವಾಹಿ ಕಾಯಿಲೆಗಳ ಬಗ್ಗೆ ತಿಳಿಸಿಹೇಳುವ ಶಿಲ್ಪಶ್ರೀ ಎಂಬ ಹುಡುಗಿ ಅವರನ್ನು ಕೂರಿಸಿಕೊಂಡಳು. ಶಿವಮೊಗ್ಗದ ಕಡೆಯವಳು, ಮಾತು ಕೇಳಿದರೆ ಗೊತ್ತಾಗುತ್ತಿತ್ತು.

"ತಪ್ಪು ಯಾರದೂ ಅಲ್ಲ," ಅಂದಳು ಮೊದಲಿಗೇ. "ಪ್ರತಿಯೊಂದು ಜೀನಿನ ಎರಡೆರಡು ಪ್ರತಿ ನಮ್ಮ ಹತ್ರ ಇರುತ್ತೆ. ನಿಮ್ಮಿಬ್ಬರಲ್ಲೂ ಈ ಒಂದು ಜೀನಿನ ಒಂದು ಪ್ರತಿ ಕೆಟ್ಟಿದೆ. ಇನ್ನೊಂದು ಸರಿ ಇರೋದ್ರಿಂದ ನಿಮಗೆ ಏನೂ ಆಗಿಲ್ಲ. ಮಕ್ಕಳಿಬ್ಬರಿಗೂ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಹೋಗಿದೆ. ರಕ್ತಸಂಬಂಧದಲ್ಲಿ ಮದುವೆಯಾದಾಗ ಹೀಗಾಗೋ ಸಾಧ್ಯತೆ ಜಾಸ್ತಿ."

"ಅದಕ್ಕೆ ಈಗ ಎಂತ ಮಾಡ್ತೀರಿ?" ಅಂದರು ಗಂಗಾಧರಪ್ಪ.

"ಸರಿ ಇರೋ ಪ್ರತಿಯನ್ನ ಒಂದು ಪಳಗಿಸಿದ ವೈರಸ್ಸಿನೊಳಗೆ ಇಟ್ಟು, ರೋಗ ತರದ ಹಾಗೆ ಮಾಡಿ, ಕಣ್ಣಿನ ಹಿಂದಿನ ಪರದೆಗೆ ತಲುಪಿಸ್ತಾರೆ. ಜೀವ ಇರೋ ಕೋಶಕ್ಕೆ ಅದು ಉಪಯೋಗ ಆಗಬಹುದು. ಸತ್ತ ಕೋಶ ಇದ್ರಿಂದ ಏಳಲ್ಲ."

"ಹಾಗಾದ್ರೆ ಮಗಳಿಗೆ ಕೊಡಿ. ಅವಳಿಗೆ ಇನ್ನೂ ಕಾಣ್ತದೆ."

"ಆಗಲ್ಲ ಸಾರ್. ಇದು ಮೊದಲ ಹಂತ. ದೊಡ್ಡವರಿಗೆ ಮಾತ್ರ, ಕಾಯಿಲೆ ತುಂಬಾ ಮುಂದುವರಿದವರಿಗೆ ಮಾತ್ರ, ಹೆಚ್ಚು ಕೆಟ್ಟಿರೋ ಒಂದು ಕಣ್ಣಿಗೆ ಮಾತ್ರ. ಔಷಧಿಯಿಂದ ಕೆಡುಕಾಗುತ್ತಾ ಅಂತ ನೋಡೋದಕ್ಕೆ. ನಿಮ್ಮ ಮಗನ್ನ ಬೇಕಾದ್ರೆ ಪರೀಕ್ಷೆ ಮಾಡಿ ಸೇರಿಸಬಹುದು."

ಗಂಗಾಧರಪ್ಪ ಮಗನ ಕಡೆ, ಆಮೇಲೆ ಮಗಳ ಕಡೆ ನೋಡಿದರು. ಒಬ್ಬನಿಗೆ ವಯಸ್ಸಿದೆ, ಕಣ್ಣಿಲ್ಲ. ಒಬ್ಬಳಿಗೆ ಕಣ್ಣಿದೆ, ವಯಸ್ಸಿಲ್ಲ.

"ಇವನಿಗೆ ಕಣ್ಣು ಬರುತ್ತಾ?"

"ಬರುತ್ತೆ ಅಂತ ನಂಬಿ ಸೇರಬೇಡಿ."

"ಇರೋದು ಹೋದ್ರೆ?"

"ಹೋಗಬಹುದು."

ಮೂವತ್ತು ವರ್ಷ ಕೌಂಟರಿನ ಹಿಂದೆ ಕೂತ ಗಂಗಾಧರಪ್ಪ ಇಂಥ ವ್ಯಾಪಾರ ಕಂಡಿರಲಿಲ್ಲ. "ಅಲ್ಲಮ್ಮ, ನೀವು ಹೀಗೆ ಹೇಳಿದ್ರೆ ಯಾರು ತಗೋತಾರೆ?"

"ತಗೊಳ್ಳಿ ಅಂತ ನಾನು ಹೇಳ್ತಾ ಇಲ್ಲ ಸಾರ್."

ಬಸವೇಶ ಬಾಯಿ ತೆರೆದ. "ದೊಡ್ಡವರು ಯಾರೂ ಸೇರದೆ ಮಕ್ಕಳ ಹಂತ ಶುರುವಾಗಲ್ಲ. ಅಷ್ಟೇ ತಾನೆ?"

"ಹೌದು. ಆದ್ರೆ ನೀವು ಸೇರಿದ್ದಕ್ಕೆ ತಂಗಿಗೆ ಜಾಗ ಸಿಗುತ್ತೆ ಅಂತ ಇಲ್ಲ. ಈ ಹಂತದಲ್ಲೇ ಎಲ್ಲ ನಿಂತು ಹೋದ್ರೂ ಹೋಯ್ತು. ಇವತ್ತು ಏನೂ ಹೇಳಬೇಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿದೆ. ಮನೆಗೆ ತಗೊಂಡು ಹೋಗಿ, ಓದಿಸಿಕೊಳ್ಳಿ. ಆಮೇಲೆ ಬೇಡ ಅನ್ನಿಸಿದ್ರೆ ಫೋನ್ ಕೂಡ ಮಾಡೋದು ಬೇಡ."

ಊರಿಗೆ ಬಂದಾಗ ಷಡಕ್ಷರಿ ಕಾಯುತ್ತಿದ್ದರು. ವಿಷಯ ಕೇಳಿ ಹಣೆ ಚಚ್ಚಿಕೊಂಡರು. "ಪ್ರಯೋಗಕ್ಕೆ ಇಲಿ, ಮೊಲ ಸಿಗಲಿಲ್ವೇನೋ ಅವರಿಗೆ? ನಿನ್ನ ಮಗನೇ ಆಗ್ಬೇಕಿತ್ತಾ? ನನ್ನ ಕಡೆಯವರು ಗ್ಯಾರಂಟಿ ಕೊಡ್ತೀವಿ ಅಂದ್ರೆ ಬೇಡ, ಗೊತ್ತಿಲ್ಲ ಅನ್ನೋರ ಹತ್ರ ಹೋಗ್ತೀಯಲ್ಲ ಮಾರಾಯ!"

"ಷಡಕ್ಷರಿ, ಗ್ಯಾರಂಟಿ ಕಾರ್ಡಿಗೆ ಸೀಲ್ ಹೊಡೆಯೋನು ನಾನು," ಅಂದರು ಗಂಗಾಧರಪ್ಪ. "ಮೋಟಾರು ಸುಟ್ಟರೆ ಕಾರ್ಡು ಹಿಡ್ಕೊಂಡು ಬರ್ತಾರೆ. ಹೊಸ ಮೋಟಾರು ಕೊಡ್ತೀನಿ. ಕಣ್ಣು ಸುಟ್ಟರೆ ನಿನ್ನ ಕ್ಲಿನಿಕ್ಕಿನವನು ಹೊಸ ಕಣ್ಣು ಕೊಡ್ತಾನಾ? ಆಸ್ಪತ್ರೆಯ ಹುಡುಗಿ ಹೇಳಿಕೊಟ್ಟದ್ದನ್ನ ಕೇಳು ಫೋನ್ ಮಾಡಿ. ಆ ಇಂಜೆಕ್ಷನ್ನಿಗೆ ಸರ್ಕಾರದ ಒಪ್ಪಿಗೆ ಇದೆಯಾ, ಪ್ರಯೋಗ ಅಂದ್ರೆ ಅದರ ನೋಂದಣಿ ನಂಬರು ಎಷ್ಟು, ಅದಕ್ಕೆ ಒಪ್ಪಿಗೆ ಕೊಟ್ಟ ನೈತಿಕ ಸಮಿತಿ ಯಾವುದು. ಎರಡೂ ಕಣ್ಣಿಗೆ ಒಂದೇ ದಿನ ಯಾಕೆ ಚುಚ್ತಾನೆ ಅಂತನೂ ಕೇಳು."

ಷಡಕ್ಷರಿ ಜಂಬದಿಂದಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಆ ಕಡೆಯವನು ದುಡ್ಡು ಕಟ್ಟುವ ದಿನವನ್ನು ಬಹಳ ಪ್ರೀತಿಯಿಂದ ಹೇಳಿದ. ನೋಂದಣಿ ನಂಬರು ಅಂದ ಕೂಡಲೇ ಲೈನು ಕಟ್ಟಾಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

"ಸಿಗ್ನಲ್ಲು," ಅಂದರು ಷಡಕ್ಷರಿ.

ಭಾನುವಾರ ಅಂಗಡಿಯ ಶಟರು ಅರ್ಧ ಎಳೆದು ಗಂಗಾಧರಪ್ಪ ಒಪ್ಪಿಗೆ ಪತ್ರ ಓದಲು ಕೂತರು. ಜೀವಮಾನದಲ್ಲಿ ಅವರು ಯಾವ ಕಾಗದವನ್ನೂ ಓದಿ ಸಹಿ ಮಾಡಿದವರಲ್ಲ. ಎಲ್ಲಿ ಅಂತ ಕೇಳಿ ಅಲ್ಲಿ ಹಾಕುವುದು ಪದ್ಧತಿ. ಪೈಪಿನ ಬಂಡಲುಗಳ ನಡುವೆ ಬಸವೇಶ ಎದುರಿಗೆ ಕೂತಿದ್ದ.

ಪ್ರಯೋಗಕ್ಕೆ ಸೇರುವವರು ಹಣ ಕೊಡಬೇಕಾಗಿಲ್ಲ ಎಂದಿತ್ತು. ಪ್ರಯೋಗದಿಂದಲೇ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು ಎಂದಿತ್ತು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಆದರೆ ಕಣ್ಣೊಳಗೆ ಹೋದ ಔಷಧಿಯನ್ನು ಹಿಂದೆ ತೆಗೆಯಲಾಗದು ಎಂದೂ ಇತ್ತು. ಗಂಗಾಧರಪ್ಪ ಒಂದೇ ಸ್ವರದಲ್ಲಿ ಓದುತ್ತ ಹೋದರು. ಮುಂದಿನ ಪುಟಕ್ಕೆ ಬಂದಾಗ ದನಿ ನಿಂತಿತು.

"ಓದಪ್ಪ."

"ಎಂತದೂ ಇಲ್ಲ. ಮಾಮೂಲಿ."

"ಮಾಮೂಲಿಯನ್ನೇ ಓದು. ನನ್ನ ಕಣ್ಣು, ನನಗೆ ಕೇಳಬೇಕು."

"'ಉರಿಯೂತ, ಕಣ್ಣಿನ ಒತ್ತಡ ಹೆಚ್ಚುವುದು, ಪರದೆ ಕಳಚುವುದು. ಚಿಕಿತ್ಸೆ ಪಡೆದ ಕಣ್ಣಿನಲ್ಲಿ...'" ಗಂಗಾಧರಪ್ಪ ಕನ್ನಡಕ ತೆಗೆದು ಒರೆಸಿದರು. "'ಉಳಿದಿರುವ ದೃಷ್ಟಿಯೂ ಪೂರ್ತಿ ನಷ್ಟವಾಗಬಹುದು.'"

"ಹ್ಞೂಂ. ಮುಂದೆ?"

"ಮುಂದೆ ಎಂತ ಓದ್ಲಿ ಮಾರಾಯ? ಬೆಳಗಾಯ್ತು ಅಂತಾದ್ರೂ ಗೊತ್ತಾಗುತ್ತಲ್ಲ ಆ ಬಲಗಣ್ಣಿಗೆ. ಅದನ್ನೂ ತಗೊಂಡು ಹೋಗಿ ಅಲ್ಲಿ ಇಟ್ಟು ಬರ್ತೀನಿ ಅಂತೀಯಲ್ಲ."

"ಮನೇಲಿಟ್ಕೊಂಡ್ರೂ ಅದು ನಿಲ್ಲಲ್ಲ ಅಪ್ಪ. ಹೋಗ್ತಾ ಇದೆ. ಸುಮ್ಮನೆ ಹೋಗೋದರ ಬದಲು ಯಾರಿಗಾದ್ರೂ ಏನಾದ್ರೂ ತಿಳಿಸಿ ಹೋಗ್ಲಿ."

"ನಾನು ಬೇಡ ಅಂದ್ರೆ?"

"ಸಹಿ ನಂದು. ನಿನ್ನ ಹತ್ರ ಕೇಳ್ತಾ ಇರೋದು ಒಪ್ಪಿಗೆ ಅಲ್ಲ, ಓದೋದು."

ಗಂಗಾಧರಪ್ಪ ಕನ್ನಡಕ ಹಾಕಿಕೊಂಡು ಕೊನೆಯ ಪುಟದವರೆಗೂ ಓದಿದರು. ಹತ್ತು ವರ್ಷದ ಹಿಂದೆ ಕೊಪ್ಪದ ಡಾಕ್ಟರು ಹೇಳಿದಾಗ ತಾವು ಅಪ್ಪನ ಮಾತಿಗೆ ತಲೆಯಾಡಿಸದೆ ಇದ್ದಿದ್ದರೆ ಎಂದು ಎಲ್ಲಿಯೂ ಬರೆದಿರಲಿಲ್ಲ. ಆದರೂ ಅವರಿಗೆ ಪ್ರತಿ ಪುಟದಲ್ಲೂ ಅದೇ ಕಾಣಿಸಿತು. ಮುಗಿದ ಮೇಲೆ ಪತ್ರ ಮಡಿಸಿ, "ಬುಧವಾರ ಬಸ್ಸಿಗೆ ಇಬ್ಬರಿಗೂ ಸೀಟು ಹೇಳ್ತೀನಿ. ನಾನೂ ಬರ್ತೀನಿ," ಅಂದರು.

ಇದನ್ನು ನಿಮ್ಮೂರಿನ ಸಂಘದ ಸಭೆಯಲ್ಲಿ ಓದಿಸಿಕೊಂಡು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣಂದಿರೇ, ಮಬ್ಬುಗತ್ತಲಲ್ಲಿ ಎಡವುವ ಮಗುವನ್ನು ಬೇಜವಾಬ್ದಾರಿ ಎಂದು ಬೈಯುವ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಒಂದು ಮಗುವಿಗೆ ಈ ಕಾಯಿಲೆ ಇದ್ದರೆ ಉಳಿದ ಮಕ್ಕಳ ಕಣ್ಣನ್ನೂ ತೋರಿಸಿ. ಅವರಾಗಿ ಹೇಳಲಿ ಎಂದು ಕಾಯಬೇಡಿ. ಜೀನ್ ಪರೀಕ್ಷೆ ಹೇಳಿದರೆ ಮಾಡಿಸಿ. ಯಾವ ಜೀನು ಎಂದು ಗೊತ್ತಿಲ್ಲದವರಿಗೆ ಜೀನ್ ಚಿಕಿತ್ಸೆಯ ಪ್ರಯೋಗದ ಬಾಗಿಲು ತೆರೆಯುವುದಿಲ್ಲ, ಮತ್ತು ಎಲ್ಲ ಜೀನಿಗೂ ಇಂದು ಪ್ರಯೋಗವಿಲ್ಲ. ಪ್ರಯೋಗ ಎಂದರೆ ಚಿಕಿತ್ಸೆ ಸಿಕ್ಕಿತು ಎಂದಲ್ಲ. ಕೇಳಿ, ಓದಿಸಿಕೊಳ್ಳಿ, ಮನೆಗೆ ಬಂದು ಯೋಚಿಸಿ, ಬೇಡವೆನಿಸಿದರೆ ಬೇಡ ಎನ್ನಿ. ಸೇರುವುದಕ್ಕೆ ದುಡ್ಡು ಕೇಳುವವರನ್ನೂ, ಕಣ್ಣು ಬಂದೇ ಬರುತ್ತದೆ ಎನ್ನುವವರನ್ನೂ ನಿಮ್ಮ ಮಕ್ಕಳ ಹತ್ತಿರ ಬಿಡಬೇಡಿ, ಅವರು ನಿಮ್ಮ ಷಡ್ಡಕರೇ ಆಗಿದ್ದರೂ.

ಬಸವೇಶನ ಬಲಗಣ್ಣಿಗೆ ಮಳೆಗಾಲಕ್ಕೆ ಮೊದಲು ಚುಚ್ಚುಮದ್ದಾಯಿತು. ಉರಿಯೂತ ಬಂತು, ಮದ್ದಿಗೆ ಇಳಿಯಿತು. ಆ ಕಣ್ಣಿನ ಬೆಳಕು ಮೊದಲಿಗಿಂತ ಸ್ವಲ್ಪ ಕಡಿಮೆಯಾಗಿದೆ. ಮೇಘನ ಒಂಬತ್ತನೇ ಕ್ಲಾಸಿಗೆ ಹೋದಳು. ಮಕ್ಕಳ ಹಂತ ಇನ್ನೂ ಶುರುವಾಗಿಲ್ಲ.