ಅಡುಗೆಮನೆಗೊಂದು ಕಿಟಕಿ

ಹಸಿರು ಬಣ್ಣದ ಎರಡು ಬಾಗಿಲು, ಮೇಲೆ ಕೆತ್ತಿದ ಗಿಳಿ, ಹಿಡಿದೆಳೆಯಲು ಹಿತ್ತಾಳೆಯ ಬಳೆ — ಕಿಟಕಿ, ಅಯ್ಯೋ ಶಿವನೇ, ಅಡುಗೆಮನೆಗೆ ಕಿಟಕಿ ಇಡಿಸಿದ್ದಾನೆ, ಅದೂ ಒಲೆಯ ಪಕ್ಕದ ಗೋಡೆಗೇ, ಎಂದು ಮುನಿತಾಯಮ್ಮ ಹೊಸ್ತಿಲ ಮೇಲೇ ನಿಂತುಬಿಟ್ಟಳು, ತಮ್ಮ ಮುನಿರಾಜುವಿನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿ ಬಂತು, ಕೊನೆಗೂ ಅವ್ವನ ಮಾತು ನಡೆಸಿದನಲ್ಲ ನನ್ನಪ್ಪ, ಅವ್ವ ಮಣ್ಣಾಗಿ ಇಷ್ಟು ವರ್ಷದ ಮೇಲಾದರೂ ನಡೆಸಿದ, ಗೃಹಪ್ರವೇಶಕ್ಕೆ ಹಾಲುಕ್ಕಿಸಬೇಕು ಅಂತ ಕತ್ತಲಲ್ಲೇ ಎದ್ದು ತಲೆಗೆ ಎರೆದುಕೊಂಡು ಕಾಮಾಕ್ಷಿಪಾಳ್ಯದಿಂದ ಬಸ್ಸು, ವಿಜಯನಗರದಿಂದ ಮೆಟ್ರೋ, ಕೆಂಗೇರಿಯಲ್ಲಿ ಇಳಿದು ಆಟೋದವನ ಜೊತೆ ಜಗಳ, ಎಲ್ಲ ಸಾರ್ಥಕ — ಹೋಗಿ ಬಳೆಗೆ ಕೈ ಹಾಕಿದಳು, ತೆರೆದರೆ ಬೆಳಕು ಬರುತ್ತದೆ, ಗಾಳಿ ಬರುತ್ತದೆ, ಅಷ್ಟರಲ್ಲಿ ಹಿಂದಿನಿಂದ, ಆಂಟಿ, ಆಂಟಿ, ಅದನ್ನ ತೆಗೀಬೇಡಿ, ಎಂದು ಓಡಿಬಂದವಳು ಸ್ಪಂದನ, ಈ ಹಳೇ ಮನೆಯ ಒಳಗಿನ ಅಲಂಕಾರವನ್ನೆಲ್ಲ ವಹಿಸಿಕೊಂಡಿರುವ ಡಿಸೈನರ್ ಹುಡುಗಿ, ಅದು ತೆಗೆಯೋದಕ್ಕಲ್ಲ ಆಂಟಿ, ಡೆಕೋರ್ ಅಷ್ಟೆ, ಕಾರೈಕುಡಿಯಿಂದ ತರಿಸಿದ ಹಳೇ ಕಿಟಕಿ, ಗೋಡೆ ಮೇಲೆ ಹಾಗೇ ಬೋಲ್ಟ್ ಹಾಕಿ ಕೂರಿಸಿದೀವಿ, ಹಿಂದೆ ಏನಿಲ್ಲ, ಗೋಡೆನೇ. ಗೋಡೆನೇ ಅಂತೆ. ಮುನಿತಾಯಮ್ಮ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

ಉಳಿದದ್ದೆಲ್ಲ ನೋಡಿಕೊಂಡೇ ಬಂದಿದ್ದಳು, ಸಹಿಸಿಕೊಂಡೇ ಬಂದಿದ್ದಳು — ತಾತ ಕಟ್ಟಿಸಿದ ತೊಟ್ಟಿಮನೆ, ಇನ್ನೇನು ಬಿದ್ದುಹೋಗುವುದರಲ್ಲಿತ್ತು, ಮುನಿರಾಜು ಎತ್ತಿ ನಿಲ್ಲಿಸಿದ, ಬೆಂಗಳೂರಿನವರು ಬಂದು ಹಳ್ಳಿಮನೆ ಅಂತ ಎರಡು ದಿನ ಇದ್ದು ಹೋಗಲಿ, ಮದುವೆ ಫೋಟೋ ತೆಗೆಸಿಕೊಳ್ಳಲಿ ಅಂತ, ಒಳ್ಳೆಯದೇ, ಬೇಡ ಅಂದವರು ಯಾರು, ತೊಟ್ಟಿಲಲ್ಲಿ ಕ್ರೋಟನ್ ಗಿಡ ಇಟ್ಟಿದ್ದಾರೆ, ಇರಲಿ, ಒರಳಿಗೆ ನೀರು ತುಂಬಿ ಸೇವಂತಿಗೆ ತೇಲಿಸಿದ್ದಾರೆ, ಇರಲಿ, ಮೊರ ಜರಡಿ ಎಲ್ಲ ಮೊಳೆ ಹೊಡೆದು ಗೋಡೆಗೇರಿಸಿದ್ದಾರೆ, ನೇಗಿಲಿಗೆ ಲೈಟು ಕಟ್ಟಿದ್ದಾರೆ, ಆಯಿತಪ್ಪ, ನಿಮ್ಮ ಕಾಲ ನಿಮ್ಮದು — ಬಚ್ಚಲಿಗೆ ಹೋದರೆ ತಲೆಯ ಮೇಲೆ ಗಾಜು, ಬಿಸಿಲು ನೇರ ಮೈಮೇಲೆ, ಮೀಯುವವರಿಗೆ ಆಕಾಶ ಕಾಣಬೇಕಂತೆ! ಮೀಯುವವರಿಗೆ ಆಕಾಶ, ಬೇಯಿಸುವವಳಿಗೆ ಇದು, ಈ ಗೋಡೆ, ಸುತ್ತಲೂ ಸುಣ್ಣ ಬಳಿಸಿ ಇದೊಂದನ್ನು ಬೇಕೆಂದೇ ಬಿಟ್ಟಿದ್ದಾರೆ, ಮಸಿಯ ಮೇಲೆ ಮಸಿ ಕೂತು ಬಾಣಲೆಯ ತಳದ ಹಾಗಾಗಿರುವ ಗೋಡೆ, ಮುಟ್ಟಿದರೆ ಕೈಗೆ ಹತ್ತದ ಹಾಗೆ ಪಾಲಿಶ್ ಹೊಡೆಸಿ, ಮೇಲಿಂದ ದೀಪ ಇಳಿಬಿಡಿಸಿ, ಪಕ್ಕದಲ್ಲಿ ಹಲಗೆ ತೂಗುಹಾಕಿದ್ದಾರೆ, ಅವ್ವನ ಅಡುಗೆಮನೆ. ಈ ಟೆಕ್ಸ್ಚರ್ ಎಷ್ಟು ದುಡ್ಡು ಕೊಟ್ರೂ ಸಿಗಲ್ಲ ಆಂಟಿ, ಎನ್ನುತ್ತಿದ್ದಾಳೆ ಸ್ಪಂದನ, ಎಷ್ಟು ತಲೆಮಾರಿನ ಹೊಗೆ ಇದು. ಸಿಗಲ್ಲ ಕಣಮ್ಮ, ನಿಜ, ನಮ್ಮವ್ವನ ಎದೆಗೂಡಲ್ಲೂ ಇದೇ ಟೆಕ್ಸ್ಚರ್ ಇತ್ತು, ಡಾಕ್ಟರ್ ಎಕ್ಸರೇನ ಬೆಳಕಿಗೆ ಹಿಡಿದು ನೋಡಿ ಕೇಳಿದ್ದ, ಇವ್ರು ಎಷ್ಟು ವರ್ಷದಿಂದ ಬೀಡಿ ಸೇದ್ತಾರೆ? ಬೀಡಿ! ಎಲೆಅಡಿಕೆ ಜೊತೆ ಚೂರು ಹೊಗೆಸೊಪ್ಪು ಕೂಡ ಬಾಯಿಗೆ ಹಾಕಿಕೊಂಡವಳಲ್ಲ ಅವ್ವ, ಬೀಡಿ ಸೇದುತ್ತಿದ್ದವನು ಅಪ್ಪ, ಜಗಲಿಯ ಮೇಲೆ, ಗಾಳಿಗೆ ಕೂತು, ಕೊನೆತನಕ ಅವನಿಗೊಂದು ಕೆಮ್ಮಿರಲಿಲ್ಲ. ಆವತ್ತು ಆ ಡಾಕ್ಟರನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತ್ತು ಮುನಿತಾಯಮ್ಮನಿಗೆ, ಇಲ್ಲ ಸಾರ್ ಅಂತಷ್ಟೇ ಅಂದಿದ್ದಳು.

ಒಂದು ಕಿಟಕಿ, ಅವ್ವ ಕೇಳಿದ್ದು ಅದೊಂದೇ, ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ, ಪ್ರತಿ ವರ್ಷ ರಾಗಿ ಒಕ್ಕಣೆ ಮುಗಿದು ಅಪ್ಪನ ಮುಖದಲ್ಲಿ ಸ್ವಲ್ಪ ನಗು ಕಂಡಾಗ ಬಾಗಿಲ ಸಂದಿಯಲ್ಲಿ ನಿಂತು, ಏನಂದ್ರೆ, ಆ ಗೋಡೆಗೊಂದು ಕಿಟಕಿ ಇಡಿಸಿ, ಉಸಿರು ಕಟ್ತದೆ. ಅಪ್ಪ ಬೀಡಿಯ ಬೂದಿ ಕೊಡವುತ್ತ, ಆ ಗೋಡೆ ಆಚೆ ದಾಯಾದಿಗಳ ಹಿತ್ತಿಲು ಕಣೇ, ನಮ್ಮನೇಲಿ ಏನು ಬೇಯ್ತದೆ ಅಂತ ಅವರ ಕಣ್ಣು ಬೀಳ್ಬೇಕಾ, ಮುಂದಿನ ವರ್ಷ ನೋಡೋಣ ಹೋಗು. ಆ ಮುಂದಿನ ವರ್ಷ ಕೊಟ್ಟಿಗೆಗೆ ಇಡಿಸಿದ ಕಿಟಕಿ, ಎಮ್ಮೆಗೆ ಸೆಕೆಯಂತೆ! ಎಮ್ಮೆಗಿದ್ದ ಯೋಗ ಅವ್ವನಿಗಿರಲಿಲ್ಲ, ಥೂ — ಸಾರು ಕುದಿಯಲು ಬಿಟ್ಟು ಹಿತ್ತಿಲ ಬಾಗಿಲಿಗೆ ಓಡಿ ಉಸಿರೆಳೆದುಕೊಂಡು ಬರಬಹುದು, ಮುದ್ದೆ ತಿರುವುವಾಗ ಬರುವ ಹಾಗಿಲ್ಲ, ಗಂಟು ಕಟ್ಟುತ್ತದೆ, ಗಂಟು ಕಟ್ಟಿದರೆ ತಟ್ಟೆ ಅಂಗಳಕ್ಕೆ ಹಾರುತ್ತದೆ, ಅಲ್ಲೇ ಬೆವರು ಕಣ್ಣೀರು ಒಂದು ಮಾಡಿಕೊಂಡು ತಿರುವುತ್ತಿದ್ದಳು, ಮುನಿರಾಜು ಹಸಿವು ಅಂತ ಬಂದರೆ, ಹೊರಗೇ ಇರೋ ಮಗ, ಹೊಗೆ, ಎಂದು ತಟ್ಟೆಯನ್ನು ಹೊಸ್ತಿಲಾಚೆಗೇ ಚಾಚುತ್ತಿದ್ದಳು, ಒಲೆ ಉರಿಯುವಾಗ ಅವನನ್ನು ಒಂದು ದಿನವೂ ಒಳಗೆ ಬಿಟ್ಟವಳಲ್ಲ, ಮುನಿತಾಯಮ್ಮನನ್ನು ಮಾತ್ರ ದೊಡ್ಡವಳಾದ ಮೇಲೆ ತಾನೇ ಕರೆದು ಪಕ್ಕ ಕೂರಿಸಿಕೊಂಡಳು, ನಿಂತ್ಕೋಬೇಡ, ಕೂತ್ಕೊಂಡು ಮಾಡು, ಕೆಳಗೆ ಹೊಗೆ ಕಮ್ಮಿ. ಈಗಲೂ ಕಾಮಾಕ್ಷಿಪಾಳ್ಯದ ಮನೆಯಲ್ಲಿ ಅಡುಗೆಮನೆ ಕಿಟಕಿ ಮುಚ್ಚಲು ಬಿಡುವುದಿಲ್ಲ ಮುನಿತಾಯಮ್ಮ, ಪಕ್ಕದ ಲೇತ್ ಶೆಡ್ಡಿನ ಗರಗರ, ಮೋರಿ ವಾಸನೆ, ಸೊಳ್ಳೆ, ಗಂಡ ವೆಂಕಟಸ್ವಾಮಿ ದಿನಾ ಗೊಣಗುತ್ತಾನೆ, ಸೊಳ್ಳೆಗೆ ಅಂತ ತಗೊಂಡಿದೀಯೇನೇ ಈ ಮನೇನ? ಗೊಣಗಲಿ.

ಲೋ ಮುನಿರಾಜು, ಇದು ಕಿಟಕಿ ಏನೋ? ಹೊಸ ಪಂಚೆ ಉಟ್ಟು ಬಂದ ತಮ್ಮನನ್ನು ಹಾಗೇ ಹಿಡಿದಳು. ಚೆನ್ನಾಗಿದೆ ಅಲ್ವೇನಕ್ಕಾ, ಎಂದ ಅವನು, ಖುಷಿಯಲ್ಲಿ. ನಿಜವಾದ್ದೇ ಇಡ್ಸೋಕೆ ಏನು ರೋಗ ಬಂದಿತ್ತೋ ನಿನಗೆ, ಆಚೆಗೆ ದಾಯಾದಿಗಳೂ ಇಲ್ಲ ಈಗ, ಪೀಜಿ ಎದ್ದಿದೆ, ಯಾರ ಕಣ್ಣು ಬೀಳುತ್ತೆ ಅಂತ? ಗೋಡೆ ಒಡೆದ್ರೆ ಇದೆಲ್ಲ ಹೋಗುತ್ತಲ್ಲಕ್ಕಾ, ಅವ್ವಂದು ಅಂತ ಉಳ್ದಿರೋದು ಈ ಕರಿ ಒಂದೇ, ಇದನ್ನ ನೋಡಿದ್ರೆ ನಂಗೆ ಅವ್ವನ ಬಸ್ಸಾರಿನ ವಾಸನೆ ಬರುತ್ತೆ, ಕಣ್ಣಲ್ಲಿ ನೀರು ಬರುತ್ತೆ. ಮತ್ತೆ ನಿಜಕ್ಕೂ ಬಂದಿತ್ತು ನೀರು, ಅದೇ ಮುನಿತಾಯಮ್ಮನ ಮೈಯೆಲ್ಲ ಉರಿಸಿದ್ದು, ಸುಳ್ಳಾಡಿದ್ದರೆ ಬಾಯಿತುಂಬ ಬೈದು ಹಗುರಾಗಬಹುದಿತ್ತು, ಅವ್ವನ ಮೇಲೆ ಇವನಿಗೆ ಪ್ರೀತಿ ಇದೆ, ಬೇಕಾದಷ್ಟಿದೆ, ಹೊಸ್ತಿಲಾಚೆ ಕೂತು ಉಂಡವನ ಪ್ರೀತಿ — ನಂಗೂ ಬರ್ತಿತ್ತು ಕಣೋ ಕಣ್ಣಲ್ಲಿ ನೀರು, ಬಸ್ಸಾರಿಗಲ್ಲ, ನಾನು ಹಾಲುಕ್ಕಿಸಲ್ಲ ಹೋಗು, ಈ ಗೋಡೇಲಿ ಕಿಟಕಿ ತೆಗೆಸು, ಆಮೇಲೆ ಕರಿ ನನ್ನ. ಅಕ್ಕಾ, ನೆಂಟರೆಲ್ಲ ತೊಟ್ಟೀಲಿ ಕೂತಿದಾರೆ, ಮನೆ ಮಗಳು ನೀನು ಉಕ್ಕಿಸದೆ ಇನ್ಯಾರು ಉಕ್ಕಿಸ್ಬೇಕು, ಒಂದು ಒಳ್ಳೆ ದಿನ ಕಿಟಕಿ ಕಿಟಕಿ ಅಂತ ಹಾಳ್ ಮಾಡ್ಬೇಡ, ಮುಂದಿನ ವರ್ಷ ನೋಡೋಣ ಬಿಡು.

ಮುಂದಿನ ವರ್ಷ. ಅಪ್ಪನ ಬಾಯಿ, ಅಪ್ಪನದೇ ಬಾಯಿ — ಸರಿ ಕಣಪ್ಪ, ಎಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು, ಹಾಲಿನ ಪಾತ್ರೆಗೆ ಅರಿಶಿನ ಕುಂಕುಮ ಇಟ್ಟಳು, ಪಕ್ಕದಲ್ಲಿ ಅಂದಕ್ಕೆ ಜೋಡಿಸಿದ ಸೌದೆ, ನೀಲಗಿರಿ, ಉಗುರಲ್ಲಿ ಒತ್ತಿದರೆ ನೀರು ಜಿನುಗುವಷ್ಟು ಹಸಿ, ತಲೆಯೆತ್ತಿ ನೋಡಿದರೆ ಹೆಂಚೇ ಕಾಣುವುದಿಲ್ಲ, ಧೂಳು ಬೀಳಬಾರದೆಂದು ಕೆಳಗೆ ಹಲಗೆ ಹೊಡೆಸಿ ಮುಚ್ಚಿಬಿಟ್ಟಿದ್ದಾರೆ, ಅವ್ವನಿಗಾದರೂ ಹೆಂಚಿನ ಸಂದಿಯಿತ್ತು. ಇದೆಲ್ಲ ಈ ಜಾಣರಿಗೆ ಹೇಳಬೇಕು, ಹೇಳುವುದಿಲ್ಲ. ಫೋಟೋಗ್ರಾಫರ್ ಗೌತಮ್ ಕ್ಯಾಮೆರಾ ಹಿಡಿದು ಮಂಡಿಯೂರಿದ್ದಾನೆ, ಬಾಗಿಲು ಹಾಕ್ಬಿಡಿ ಸಾರ್, ಲೈಟ್ ಹೊಡೀತಿದೆ, ಮುನಿರಾಜು ತಾನೇ ಹೋಗಿ ಬಾಗಿಲು ಹಾಕಿ ಬಂದು ಹಸಿರು ಕಿಟಕಿಯ ಪಕ್ಕ ನಿಂತ, ಫೋಟೋಗೆ. ಮುನಿತಾಯಮ್ಮ ಕಡ್ಡಿ ಗೀರಿದಳು, ತೆಂಗಿನ ಗರಿ ಹತ್ತಿಕೊಂಡಿತು, ತೆಳ್ಳಗೆ ಹೊಗೆ ಎದ್ದಿತು, ಸೂಪರ್ ಆಂಟಿ, ಇನ್ನೂ ಸ್ವಲ್ಪ ಹೊಗೆ ಬರ್ಲಿ. ಏನಂದೆಯಪ್ಪ? ಇನ್ನೂ ಸ್ವಲ್ಪ ಹೊಗೆ ಆಂಟಿ, ಫೋಟೋದಲ್ಲಿ ಸಕತ್ತಾಗಿ ಬರುತ್ತೆ. ಬೇಕಾ? ತಗೋ. ಹಸಿ ಸೌದೆ ಒಂದು, ಹಸಿ ಸೌದೆ ಎರಡು, ಸಿಪ್ಪೆ ಸಮೇತ ಇನ್ನೊಂದು, ಒಲೆಯ ಬಾಯಿ ಕಟ್ಟುವ ಹಾಗೆ ತುರುಕಿದಳು, ತಗೊಳ್ರಪ್ಪ ಟೆಕ್ಸ್ಚರ್ರು, ತಗೊಳ್ರಪ್ಪ ಅವ್ವನ ನೆನಪು, ಹೊಗೆ ಬಿಳಿಯಾಗಿ ಬಂತು, ಹಳದಿಯಾಗಿ ಬಂತು, ಹಲಗೆಗೆ ಬಡಿದು ಕೆಳಗಿಳಿಯಿತು, ಸ್ಪಂದನ ಕೆಮ್ಮುತ್ತಿದ್ದಾಳೆ, ಕ್ಯಾಮೆರಾ ನೆಲಕ್ಕೆ ಕುಟ್ಟಿದ ಸದ್ದು, ಬಾಗಿಲೆಲ್ಲಿ, ಬಾಗಿಲೆಲ್ಲಿ ಸಾರ್, ಮುನಿತಾಯಮ್ಮ ತಲೆ ಬಗ್ಗಿಸಿ ನೆಲದ ಹತ್ತಿರದ ಗಾಳಿಯನ್ನು ಸಣ್ಣಗೆ ಎಳೆದುಕೊಳ್ಳುತ್ತಿದ್ದಾಳೆ, ಮೈ ಇನ್ನೂ ಮರೆತಿಲ್ಲ ಆ ಅಭ್ಯಾಸ. ಮೇಲೆ ಮುನಿರಾಜು, ಉಸಿರು, ಅಕ್ಕಾ ಉಸಿರು, ಎನ್ನುತ್ತಿದ್ದಾನೆ, ಕಣ್ಣು ಬಿಡಲಾರದೆ ಗೋಡೆ ತಡವುತ್ತಿದ್ದಾನೆ, ಕಿಟಕಿ, ಕಿಟಕಿ ತೆಗೀರೋ ಯಾರಾದ್ರೂ, ಅವನ ಕೈಗೆ ಹಿತ್ತಾಳೆಯ ಬಳೆ ಸಿಕ್ಕಿತು, ಎರಡೂ ಕೈಯಲ್ಲಿ ಎಳೆದ, ಎರಡೂ ಬಾಗಿಲು ತೆರೆದುಕೊಂಡವು, ಮುಖ ಚಾಚಿದ, ಬಾಯಿ ತೆರೆದು ಮುಖ ಚಾಚಿದ, ಹಣೆ ಠಪ್ಪೆಂದು ಬಡಿಯಿತು. ಅಡುಗೆಮನೆಯ ಬಾಗಿಲನ್ನು ಯಾರೋ ತೆರೆದರು, ಸ್ಪಂದನ, ಗೌತಮ್ ಇಬ್ಬರೂ ಹೊರಗೆ ಓಡಿದರು, ಇವನು ಹೋಗಲಿಲ್ಲ, ಕೂತ್ಕೋ ಮಗ, ಕೆಳಗೆ ಹೊಗೆ ಕಮ್ಮಿ, ಎನ್ನಬೇಕು, ಅವ್ವನಾಗಿದ್ದರೆ ಅನ್ನುತ್ತಿದ್ದಳು, ಮುನಿತಾಯಮ್ಮನಿಗೆ ಬಾಯಿ ಬರುತ್ತಿಲ್ಲ, ಅವನು ಕಿಟಕಿಯ ಚೌಕಟ್ಟು ಹಿಡಿದು ನಿಂತೇ ಇದ್ದಾನೆ, ಅಂಗೈಯಲ್ಲಿ ಒಳಗೆ ತಡವಿ ನೋಡುತ್ತಿದ್ದಾನೆ, ಮೇಲೆ, ಕೆಳಗೆ, ಮೂಲೆಯಲ್ಲಿ, ಎಲ್ಲಾದರೂ ಒಂದು ಸಂದಿ ಇದ್ದೀತೇ ಎಂದು, ಎರಡು ಹಸಿರು ಬಾಗಿಲು ಆ ಕಡೆಗೊಂದು ಈ ಕಡೆಗೊಂದು, ನಡುವೆ ತಮ್ಮನ ಕೈ, ಕೈಯ ಕೆಳಗೆ ಕಪ್ಪು, ತೆರೆದ ಕಿಟಕಿ, ತಡವುವ ಕೈ, ತೆರೆದ ಕಿಟಕಿ, ಅದರ ತುಂಬ ಗೋಡೆ